ಅವಳ ಬ್ಯಾಗಿನ ಒಳಜೇಬು

ಎಳನೀರು ಕುಡಿ ಅಂತ ಹೇಳಿದ್ದು ನಾನೇ. ಆ ವಾರದಲ್ಲಿ ಎರಡು ಸಲ ಫೋನಿನಲ್ಲಿ ಹೇಳಿದ್ದೆ. ಮೂರನೇ ಸಲ ಬರೀ ಹೇಳಲಿಲ್ಲ, ಗೇಟಿನ ಹೊರಗಿನ ಗಾಡಿಯಿಂದ ಆಯಮ್ಮನ ಕೈಲಿ ತರಿಸಿ, ಕೌಂಟರಿನ ಪಕ್ಕ ಅವಳನ್ನು ಕೂರಿಸಿ, ಪೂರ್ತಿ ಕುಡಿಯೋವರೆಗೂ ಬಿಡಲಿಲ್ಲ.

ತುಮಕೂರು ಜಿಲ್ಲೆಯ ಒಂದು ಎಆರ್‌ಟಿ ಕೇಂದ್ರದಲ್ಲಿ, ಅಂದರೆ ಎಚ್‌ಐವಿ ಇದ್ದವರಿಗೆ ಚಿಕಿತ್ಸೆ ಕೊಡುವ ಕಡೆ, ನಾನು ಫಾರ್ಮಸಿಸ್ಟ್. ಈ ಕೆಲಸಕ್ಕೆ ಸೇರಿ ಹನ್ನೊಂದು ವರ್ಷ. ಅವಳ ಹೆಸರು, ಊರು ಬರೆಯುವುದಿಲ್ಲ. 2017ರ ಎಚ್‌ಐವಿ ಕಾಯ್ದೆ ಬೇಡ ಅನ್ನುತ್ತದೆ, ಕಾಯ್ದೆ ಇಲ್ಲದಿದ್ದರೂ ಬರೆಯುತ್ತಿರಲಿಲ್ಲ. ಪಾವಗಡದ ಕಡೆಯವಳು, ಮಂಗಳಮುಖಿ, ಮೂವತ್ತು ತುಂಬಿಲ್ಲ ಅಂದರೆ ಸಾಕು. ಬರೆಯಲಾ ಅಂತ ಅವಳನ್ನೇ ಕೇಳಿದೆ. "ಬರೀರಿ ಅಕ್ಕ, ಆದ್ರೆ ಎಲ್ಲಾ ಬರೀಬೇಕು" ಅಂದಳು.

ಏಪ್ರಿಲ್ ತಿಂಗಳು, ಸೋಮವಾರ. ಸೋಮವಾರ ನಮ್ಮಲ್ಲಿ ಹೇಗಿರುತ್ತೆ ಅಂತ ಎಆರ್‌ಟಿಯಲ್ಲಿ ಕೆಲಸ ಮಾಡಿದವರಿಗೆ ಗೊತ್ತು. ಹತ್ತೂವರೆಗೆ ಎಪ್ಪತ್ತು ಗ್ರೀನ್ ಬುಕ್, ಅಂದರೆ ರೋಗಿಗಳ ಚಿಕಿತ್ಸೆಯ ಪುಸ್ತಕ, ಕೌಂಟರಿನ ಮೇಲೆ. ಸರ್ವರ್ ಸುತ್ತುತ್ತಾ ಇತ್ತು. ಶಿರಾ ಕಡೆಯ ಬಸ್ಸಿನವರು ಒಟ್ಟಿಗೆ ಬಂದಿಳಿದಿದ್ದರು. ಪಿಲ್ ಕೌಂಟ್ ಮಾಡಬೇಕು, ಎಂಎಂಡಿಯವರಿಗೆ (ಕೆಲವು ತಿಂಗಳ ಮಾತ್ರೆ ಒಟ್ಟಿಗೆ ತಗೊಳ್ಳುವವರಿಗೆ) ಮೂರು ಡಬ್ಬಿ ಕೊಟ್ಟು ಬೇಗ ಕಳಿಸಬೇಕು, ಮಧ್ಯದಲ್ಲಿ ಸ್ಟಾಕ್ ರಿಪೋರ್ಟಿಗೆ ಮೇಲಿನಿಂದ ಫೋನು. ಅವಳ ಡ್ಯೂ ಡೇಟ್ ಇನ್ನೂ ನಾಲ್ಕು ದಿನ ಇತ್ತು, ಮುಂಚೆಯೇ ಬಂದಿದ್ದಳು. ಕ್ಯೂನಲ್ಲಿ ನಿಲ್ಲಲಾರದೆ ಗೋಡೆ ಹಿಡಿದು ನೆಲಕ್ಕೆ ಕೂತಳು.

"ಅಕ್ಕ, ಕಾಲು ಎತ್ತಕ್ಕೇ ಆಗ್ತಿಲ್ಲ. ಎದೆ ಒಂಥರಾ ಹಾರ್‍ತೈತೆ."

ನಾನು ಗ್ರಿಲ್ಲಿನ ಈಚೆಯಿಂದಲೇ ನೋಡಿದೆ. ಎರಡು ದಿನದಿಂದ ಭೇದಿ ಅಂದಳು. ಊಟ? ಸೇರ್ತಿಲ್ಲ ಅಂದಳು. ಬಿಸಿಲಿಗೆ ಬಸ್ಸಿನಲ್ಲಿ ನೂರು ಕಿಲೋಮೀಟರ್ ಬಂದಿದ್ದಾಳೆ, ನೀರು ಕಮ್ಮಿಯಾಗಿದೆ ಅಂತ ನನ್ನಷ್ಟಕ್ಕೆ ತೀರ್ಮಾನ ಮಾಡಿಕೊಂಡೆ. ಈ ಕಡೆ ಯಾರು ಸುಸ್ತು ಅಂದರೂ ಮೊದಲು ಬಾಯಿಗೆ ಬರೋದು ಎಳನೀರು. ತಿಪಟೂರಿನ ತೆಂಗಿನ ಸೀಮೆಯಲ್ಲಿ ಹುಟ್ಟಿದ ನನಗಂತೂ ಅದು ಔಷಧಿಗಿಂತ ಹೆಚ್ಚು. ತರಿಸಿ ಕೊಟ್ಟೆ. ಕುಡಿದಳು. ನಾನು ಮುಂದಿನ ಗ್ರೀನ್ ಬುಕ್ ತೆಗೆದುಕೊಂಡೆ.

ನಲವತ್ತು ನಿಮಿಷ. ಆ ನಲವತ್ತು ನಿಮಿಷದಲ್ಲಿ ನಾನು ಎಷ್ಟು ಜನಕ್ಕೆ ಎಚ್‌ಐವಿ ಮಾತ್ರೆ ಟಿಎಲ್‌ಡಿ ಕೊಟ್ಟೆ ಅಂತ ರಿಜಿಸ್ಟರ್ ತೆಗೆದರೆ ಈಗಲೂ ಎಣಿಸಬಹುದು. ಎಣಿಸಿದ್ದೇನೆ ಕೂಡ.

ಅವಳನ್ನು ಸರಿಯಾಗಿ ನೋಡಿದ್ದು ನಮ್ಮ ಕೌನ್ಸೆಲರ್. ನಾಡಿ ಹಿಡಿದವರು ಹಾಗೇ ಎಂಒ (ವೈದ್ಯಾಧಿಕಾರಿ) ರೂಮಿಗೆ ಓಡಿದರು. ಎಂಒ ಬಂದು ನೋಡಿ, ಇಲ್ಲಿ ಬೇಡ, ಎಮರ್ಜೆನ್ಸಿಗೆ ಕರ್ಕೊಂಡು ಹೋಗಿ ಅಂದರು. ವೀಲ್‌ಚೇರ್ ತಳ್ಳಿಕೊಂಡು ನಾನೇ ಹೋದೆ.

ಅಲ್ಲಿ ಚೀಟಿ ಬರೆಯುವವರು ಆಧಾರ್ ಕೇಳಿದರು. ಆಧಾರಿನಲ್ಲಿ ಹಳೇ ಹೆಸರು, ಎದುರಿಗೆ ಸೀರೆಯುಟ್ಟ ಹೆಣ್ಣುಮಗಳು. "ಗಂಡಸು ಅಂತ ಹಾಕ್ಲಾ, ಹೆಂಗಸು ಅಂತ ಹಾಕ್ಲಾ? ವಾರ್ಡ್ ಯಾವುದು ಅಂತ ಆಮೇಲೆ ನನ್ನನ್ನೇ ಕೇಳ್ತಾರೆ." ಆ ಮನುಷ್ಯ ಕೆಟ್ಟವರಲ್ಲ, ನಿಜಕ್ಕೂ ಗೊತ್ತಿರಲಿಲ್ಲ. ಆದರೆ ಕ್ಯೂನಲ್ಲಿದ್ದವರೆಲ್ಲ ತಿರುಗಿ ನೋಡುತ್ತಿದ್ದರು. ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು. "ಹೆಂಗಸು ಅಂತ ಹಾಕಿ ಸರ್" ಅಂದೆ. ಮೂರು ಸಲ ಹೇಳಬೇಕಾಯಿತು. ಇಸಿಜಿ ಕೋಣೆಯಲ್ಲಿ ಮತ್ತೆ ಅದೇ. ಎದೆಗೆ ಲೀಡ್ ಹಚ್ಚಬೇಕು, ಟೆಕ್ನಿಷಿಯನ್ ಹುಡುಗ ಕೈ ಚಾಚಲು ಹಿಂಜರಿದು ನಿಂತ. ಪರದೆ ಅರ್ಧ ಹರಿದಿತ್ತು. ಒಂದು ಕೈಲಿ ಪರದೆ ಹಿಡಿದು ಇನ್ನೊಂದು ಕೈಲಿ ನಾನೇ ಲೀಡ್ ಅಂಟಿಸಿದೆ. ಎಲ್ಲಾ ಸೇರಿ ಹತ್ತು ಹನ್ನೆರಡು ನಿಮಿಷ ಹೋಯಿತು. ಹೃದಯ ನಿಲ್ಲಲು ಅಷ್ಟು ಸಮಯ ಬೇಕಿಲ್ಲ ಅಂತ ಆಮೇಲೆ ಗೊತ್ತಾಯಿತು.

ಪೇಪರ್ ಹೊರಬರುತ್ತಿದ್ದಂತೆ ಡ್ಯೂಟಿ ಡಾಕ್ಟರ ಮುಖ ಬದಲಾಯಿತು. ಇಸಿಜಿ ಗೆರೆಯಲ್ಲಿ ಟಿ ವೇವ್ ಅನ್ನೋ ಅಲೆ ಗುಡಾರದ ಹಾಗೆ ಮೊನೆಯೆದ್ದು ನಿಂತಿತ್ತು. ಬ್ಲಡ್ ಅರ್ಜೆಂಟ್ ಕಳಿಸಿದರು. ಪೊಟ್ಯಾಸಿಯಂ 6.8. ಐದರ ಆಸುಪಾಸು ದಾಟಬಾರದು. ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ ಕೂಡ ಏರಿತ್ತು.

ಡಾಕ್ಟರು ನನ್ನ ಕಡೆ ತಿರುಗಿದರು. "ಪೇಷೆಂಟ್ ಏನೇನು ಮಾತ್ರೆ ತಗೋತಾರೆ? ಬಿಪಿ ಮಾತ್ರೆ, ಸ್ಪೈರೋನೋಲ್ಯಾಕ್ಟೋನ್, ಅಂಥದ್ದು?"

"ಏನೂ ಇಲ್ಲ ಸರ್. ಟಿಎಲ್‌ಡಿ, ಸಿಪಿಟಿ, ಎರಡೇ. ನಾನೇ ಕೊಡೋದು."

ಸಿಪಿಟಿ ಅಂದರೆ ಬೇರೆ ಸೋಂಕು ಬರದ ಹಾಗೆ ಕೊಡುವ ಮಾತ್ರೆ. ಆ ಉತ್ತರ ನನಗೆ ಈಗಲೂ ಕೇಳಿಸುತ್ತದೆ. ಒಂದು ಕ್ಷಣವೂ ಯೋಚಿಸದೆ ಕೊಟ್ಟ ಉತ್ತರ. ಕಾರ್ಡಿನಲ್ಲಿ ‘ಬೇರೆ ಔಷಧಿ’ ಅನ್ನೋ ಕಡೆ ತಿಂಗಳು ತಿಂಗಳೂ ‘ಇಲ್ಲ’ ಅಂತ ಬರೆದವಳು ನಾನೇ ಆದ್ದರಿಂದ ನನಗೆ ಅನುಮಾನವೇ ಬರಲಿಲ್ಲ. ಆ ‘ಇಲ್ಲ’ ಅನ್ನು ಅವಳನ್ನು ಕೇಳಿ ಬರೆದಿರಲಿಲ್ಲ. ಹಿಂದಿನ ತಿಂಗಳ ಸಾಲು ನೋಡಿ ಬರೆದಿದ್ದೆ.

ಅವಳು ನನ್ನ ಸೀರೆ ಸೆರಗು ಎಳೆದಳು. "ಅಕ್ಕ, ಬ್ಯಾಗು. ಒಳಜೇಬು."

ಒಳಜೇಬಿನಲ್ಲಿ, ಕನ್ನಡಿ ಬಾಚಣಿಗೆಯ ಹಿಂದೆ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಎರಡು ಸ್ಟ್ರಿಪ್. ಒಂದು ಎಸ್ಟ್ರಾಡಯಾಲ್, ಹೆಣ್ಣು ಹಾರ್ಮೋನು. ಇನ್ನೊಂದು ಸ್ಪೈರೋನೋಲ್ಯಾಕ್ಟೋನ್, 100 ಮಿಲಿಗ್ರಾಂನದು. ದಿನಕ್ಕೆ ಎರಡು ತಗೋತಿದ್ದಳು.

ಆಮೇಲಿನದ್ದು ಬೇಗ ಬೇಗ ನಡೆಯಿತು. ಕ್ಯಾಲ್ಸಿಯಂ ಗ್ಲುಕೋನೇಟ್ ನಿಧಾನಕ್ಕೆ ರಕ್ತನಾಳಕ್ಕೆ, ಡೆಕ್ಸ್ಟ್ರೋಸ್ ಜೊತೆ ಇನ್ಸುಲಿನ್, ಸಾಲ್ಬುಟಮಾಲ್ ನೆಬ್ಯುಲೈಸೇಷನ್, ಸಲೈನ್. ಸಂಜೆ ಆರಕ್ಕೆ 5.6. ರಾತ್ರಿ ಹತ್ತಕ್ಕೆ ಐದರೊಳಗೆ ಬಂತು. ಹೆಂಗಸರ ವಾರ್ಡಿಗೇ ಹಾಕಿಸಿದೆವು. ಪಕ್ಕದ ಬೆಡ್ಡಿನ ಮಧುಗಿರಿಯ ಅಜ್ಜಿ ಏನನ್ನೂ ಕೇಳಲಿಲ್ಲ, ತನ್ನ ಮಗಳ ಕೈಲಿ ಅವಳಿಗೂ ಗಂಜಿ ತರಿಸಿದಳು.

ನಾನು ಫಾರ್ಮಸಿ ಓದಿದವಳು. ಎಲ್ಲಿ ಡಿಕ್ಕಿ ಹೊಡೆದಿತ್ತು ಅಂತ ಸ್ಟ್ರಿಪ್ ಕಂಡ ತಕ್ಷಣ ಗೊತ್ತಾಯಿತು. ಸ್ಪೈರೋನೋಲ್ಯಾಕ್ಟೋನ್ ಮೂಲತಃ ಮೂತ್ರ ಹೋಗಿಸುವ ಮಾತ್ರೆ, ಹೃದಯ ಸೋತವರಿಗೆ, ಲಿವರಿನಿಂದ ಹೊಟ್ಟೆಯಲ್ಲಿ ನೀರು ತುಂಬಿದವರಿಗೆ ಕೊಡುವುದು. ಅದು ಗಂಡು ಹಾರ್ಮೋನಿನ ಕೆಲಸವನ್ನೂ ತಡೆಯುತ್ತದೆ, ಅದಕ್ಕೇ ಮೈಕೂದಲು ಕಮ್ಮಿಯಾಗಲಿ, ಚರ್ಮ ಮೆತ್ತಗಾಗಲಿ ಅಂತ ಇವರು ತಗೊಳ್ಳೋದು. ಪೊಟ್ಯಾಸಿಯಂ ಮೂತ್ರದಲ್ಲಿ ಹೊರಹೋಗಲು ಅದು ಬಿಡುವುದಿಲ್ಲ. ನಾನು ಕೊಡುವ ಸಿಪಿಟಿ, ಅಂದರೆ ಕೋಟ್ರೈಮೋಕ್ಸಜೋಲ್, ಅದರೊಳಗಿನ ಟ್ರೈಮೆಥೋಪ್ರಿಮ್ ಕೂಡ ಅದನ್ನೇ ಮಾಡುತ್ತದೆ. ಎರಡೂ ಒಂದೇ ಬಾಗಿಲನ್ನು ಎರಡು ಕಡೆಯಿಂದ ಮುಚ್ಚಿದವು. ಭೇದಿಯಿಂದ ನೀರು ಕಮ್ಮಿಯಾಗಿ ಕಿಡ್ನಿಯೂ ಕೈಕೊಟ್ಟಿತ್ತು. ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳ. ಡಯಾಲಿಸಿಸ್ ಮಾಡಿಸಿಕೊಳ್ಳೋರಿಗೆ ಅದನ್ನು ಮುಟ್ಟಬೇಡಿ ಅನ್ನೋದು ಅದಕ್ಕೇ.

ಇಷ್ಟಾದರೆ ಇದು ಬರೀ ಡ್ರಗ್ ಇಂಟರಾಕ್ಷನ್ ಕಥೆ. ಮಾರನೇ ದಿನ ಬೆಡ್ ಹತ್ತಿರ ಕೂತು, "ಯಾಕೆ ಹೇಳ್ಲಿಲ್ಲ ನೀನು? ಒಂದು ಮಾತು ಹೇಳಿದ್ರೆ ಸಾಕಿತ್ತಲ್ಲ" ಅಂತ ಸ್ವಲ್ಪ ಗಟ್ಟಿಯಾಗಿಯೇ ಕೇಳಿದೆ.

"ಹೇಳಿದ್ನಲ್ಲಕ್ಕ. ನಿಮ್ಗೇ ಹೇಳಿದ್ದೆ."

ಎರಡು ವರ್ಷದ ಹಿಂದೆ, ಎಆರ್‌ಟಿ ಶುರುಮಾಡಿ ಕೆಲವೇ ತಿಂಗಳಾಗಿದ್ದಾಗ, ಎಸ್ಟ್ರಾಡಯಾಲ್ ಸ್ಟ್ರಿಪ್ ತೋರಿಸಿ, ಇದರ ಜೊತೆ ಎಚ್‌ಐವಿ ಮಾತ್ರೆ ತಗೋಬಹುದಾ ಅಂತ ಕೇಳಿದ್ದಳಂತೆ. ಅವಳು ಹೇಳುತ್ತಿದ್ದಂತೆ ನನಗೂ ನೆನಪಾಯಿತು. ಅದೂ ಒಂದು ಸೋಮವಾರವೇ. ನಾನು ಸ್ಟ್ರಿಪ್ಪನ್ನು ಕೈಗೂ ತಗೊಳ್ಳದೆ, "ಇದೆಲ್ಲ ಯಾಕಮ್ಮ ಈಗ? ಮೊದಲು ಜೀವ ಉಳಿಸ್ಕೋ. ಎರಡರಲ್ಲಿ ಒಂದು ಇಟ್ಕೋ" ಅಂದಿದ್ದೆ.

ಅವಳು ಒಂದನ್ನು ಇಟ್ಟುಕೊಂಡಳು. ಅದು ನಾನು ಅಂದುಕೊಂಡದ್ದಾಗಿರಲಿಲ್ಲ.

ಹನ್ನೊಂದು ತಿಂಗಳು ಅವಳು ನಮ್ಮ ಲೆಕ್ಕದಲ್ಲಿ ಎಲ್‌ಎಫ್‌ಯು, ಅಂದರೆ ಚಿಕಿತ್ಸೆಗೆ ಬರದೆ ಕೈತಪ್ಪಿದವಳು. ನಮ್ಮ ಕ್ಷೇತ್ರ ಕಾರ್ಯಕರ್ತರು (ಓಆರ್‌ಡಬ್ಲ್ಯೂ) ಎರಡು ಸಲ ಹುಡುಕಿಕೊಂಡು ಹೋಗಿದ್ದರು, ಬೆಂಗಳೂರಿಗೆ ಹೋಗಿದ್ದಾಳೆ ಅಂತ ಬಸ್ತಿಯವರು ಕಳಿಸಿದ್ದರು. ಆ ತಿಂಗಳುಗಳ ಮೀಟಿಂಗಿನಲ್ಲಿ ನಾನೂ ‘ಇವರಿಗೆ ಅಡ್ಹೆರೆನ್ಸ್ ಇಲ್ಲ’, ಮಾತ್ರೆ ಸರಿಯಾಗಿ ತಗೊಳ್ಳೋದಿಲ್ಲ, ಅಂದಿದ್ದೆ. 402 ಇದ್ದ ಸಿಡಿ4, ಅಂದರೆ ರಕ್ತದಲ್ಲಿನ ರೋಗನಿರೋಧಕ ಕಣಗಳ ಎಣಿಕೆ, ವಾಪಸ್ ಬರುವ ಹೊತ್ತಿಗೆ 214. 350ರ ಕೆಳಗೆ ಬಂದರೆ ಸಿಪಿಟಿ ಕೊಡಬೇಕು, ಕೊಟ್ಟೆವು. ಈ ಸಲ ಅವಳು ಏನನ್ನೂ ಕೇಳಲಿಲ್ಲ. ಹಾರ್ಮೋನ್ ಮಾತ್ರೆ ಒಳಜೇಬಿಗೆ ಹೋಯಿತು.

ಅಂದರೆ ಸಿಪಿಟಿ ಬರಲು ಸಿಡಿ4 ಇಳಿದದ್ದು ಕಾರಣ, ಸಿಡಿ4 ಇಳಿಯಲು ಮಾತ್ರೆ ಬಿಟ್ಟದ್ದು ಕಾರಣ, ಬಿಟ್ಟದ್ದು ನನ್ನ ಮಾತಿಗೆ. ಆ ಮಾತು ಔಷಧಶಾಸ್ತ್ರದ ಪ್ರಕಾರವೂ ತಪ್ಪು ಅನ್ನೋದು ನನ್ನನ್ನು ಹೆಚ್ಚು ಸುಡುತ್ತದೆ. ಟಿಎಲ್‌ಡಿಯೊಳಗಿನ ಡೊಲುಟೆಗ್ರಾವಿರ್‌ಗೂ ಎಸ್ಟ್ರಾಡಯಾಲ್‌ಗೂ ಹೇಳಿಕೊಳ್ಳುವಂಥ ಜಗಳವೇ ಇಲ್ಲ. ಹಳೇ ಎಚ್‌ಐವಿ ಮಾತ್ರೆ ಟಿಎಲ್‌ಇಯೊಳಗಿನ ಎಫಾವಿರೆನ್ಸ್ ಆಗಿದ್ದರೆ ಹಾರ್ಮೋನಿನ ಮಟ್ಟ ಇಳಿಸಬಹುದಿತ್ತು, ಆದರೆ ಅವಳು ಮೊದಲಿನಿಂದಲೂ ಟಿಎಲ್‌ಡಿ. ಎರಡನ್ನೂ ಧಾರಾಳವಾಗಿ ತಗೋಬಹುದಿತ್ತು. ಒಂದು ಫೋನ್ ಮಾಡಿ ಕೇಳಿದ್ದರೆ ನನಗೆ ತಿಳಿಯುತ್ತಿತ್ತು. ಕೇಳಲಿಲ್ಲ, ಏಕೆಂದರೆ ಹಾರ್ಮೋನ್ ಅಂದರೆ ಶೋಕಿ ಅಂತ ನನ್ನ ತಲೆಯಲ್ಲಿತ್ತು.

"ಅಕ್ಕ, ಎಚ್‌ಐವಿ ಮಾತ್ರೆ ಬಿಟ್ರೆ ಸಾಯೋಕೆ ವರ್ಷ ಬೇಕು. ಈ ಮಾತ್ರೆ ಬಿಟ್ರೆ ಕನ್ನಡಿ ಮುಂದೆ ದಿನಾ ಸಾಯ್ಬೇಕು." ಅವಳು ಇದನ್ನು ಯಾವ ಸಿಟ್ಟೂ ಇಲ್ಲದೆ, ಗಂಜಿ ಲೋಟ ಕೆಳಗಿಡುತ್ತಾ ಹೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಈ ಮಾತ್ರೆಯ ಬಗ್ಗೆ ಅವಳಿಗೆ ಹೇಳಿದ್ದು ಯಾರು? ಗುರು, ಅಂದರೆ ಮಂಗಳಮುಖಿಯರಲ್ಲಿ ಅವಳನ್ನು ಸೇರಿಸಿಕೊಂಡ ಹಿರಿಯಳು. ಗುರುವಿಗೆ ಬೆಂಗಳೂರಿನ ಇನ್ನೊಬ್ಬರು. ಡೋಸ್ ಬಾಯಿಂದ ಬಾಯಿಗೆ ಬರುತ್ತದೆ, ಮಾತ್ರೆ ಮೆಡಿಕಲ್ ಸ್ಟೋರಿನಿಂದ ಚೀಟಿ ಇಲ್ಲದೆ ಬರುತ್ತದೆ. ರಕ್ತ ಪರೀಕ್ಷೆಯ ಮಾತೇ ಇಲ್ಲ. ಎಚ್‌ಐವಿ ಮಾತ್ರೆಯನ್ನು ಸರ್ಕಾರ 2004ರಿಂದ ಪುಕ್ಕಟೆ ಕೊಡುತ್ತಿದೆ, ಅದಕ್ಕೆ ಕೌನ್ಸೆಲರ್, ಲ್ಯಾಬ್, ರಿಜಿಸ್ಟರ್ ಎಲ್ಲಾ ಇದೆ. ಹಾರ್ಮೋನ್ ಚಿಕಿತ್ಸೆ ಒದಗಿಸಬೇಕು ಅಂತ 2019ರ ಟ್ರಾನ್ಸ್‌ಜೆಂಡರ್ ಕಾಯ್ದೆಯ 15ನೇ ಕಲಮಿನಲ್ಲಿ ಬರೆದಿದೆ. 2022ರಲ್ಲಿ ಆಯುಷ್ಮಾನ್ ಭಾರತ್ ಟಿಜಿ ಪ್ಲಸ್ ಅಂತ ವರ್ಷಕ್ಕೆ 5 ಲಕ್ಷದ ವಿಮೆಯನ್ನೂ ಘೋಷಿಸಿದರು. ನನ್ನ ಕೌಂಟರಿಗೆ ಬರುವ ಯಾರ ಕೈಯಲ್ಲೂ ನಾನು ಇನ್ನೂ ಆ ಕಾರ್ಡ್ ನೋಡಿಲ್ಲ. ಟ್ರೇನಿಂಗಿಗೆ ಕರೆದಾಗೆಲ್ಲ ಪೋರ್ಟಲ್ಲಿನಲ್ಲಿ ಎಂಟ್ರಿ ಹೇಗೆ ಮಾಡಬೇಕು ಅಂತ ಎರಡು ದಿನ ಹೇಳುತ್ತಾರೆ. ಮಂಗಳಮುಖಿಯರು ಏನು ಮಾತ್ರೆ ತಗೋತಾರೆ ಅಂತ ಈ ಹನ್ನೊಂದು ವರ್ಷದಲ್ಲಿ ನನಗೆ ಯಾರೂ ಒಂದು ಗಂಟೆ ಹೇಳಿಲ್ಲ. ಒಂದು ಗಂಟೆ ಸಾಕಿತ್ತು.

ಎಂಒ ಅವಳ ಸಿಪಿಟಿ ನಿಲ್ಲಿಸಿ, ಜಿ6ಪಿಡಿ ಅನ್ನೋ ರಕ್ತ ಪರೀಕ್ಷೆ ಮಾಡಿಸಿ, ಬದಲಿಗೆ ಡ್ಯಾಪ್ಸೋನ್ ಮಾತ್ರೆ ಹಾಕಿದರು. ಸ್ಪೈರೋನೋಲ್ಯಾಕ್ಟೋನ್ ಬಂದ್. ಎಸ್ಟ್ರಾಡಯಾಲ್ ಇರಲಿ ಅಂದರು, ಬೆಂಗಳೂರಿನ ಒಬ್ಬ ಎಂಡೋಕ್ರೈನ್ ಡಾಕ್ಟರಿಗೆ ಪತ್ರ ಕೊಟ್ಟರು. ಮೊದಲ ಸಲ ನಾನೂ ಜೊತೆಗೆ ಹೋಗಿದ್ದೆ, ಕ್ಯಾಷುಯಲ್ ಲೀವ್ ಹಾಕಿ. ಅವಳೀಗ ಡೇಟಿಗೆ ಸರಿಯಾಗಿ ಬರುತ್ತಾಳೆ. ಕಳೆದ ವೈರಲ್ ಲೋಡ್ ಟಿಎನ್‌ಡಿ, ಅಂದರೆ ರಕ್ತದಲ್ಲಿ ವೈರಸ್ ಪತ್ತೆಯಾಗಲಿಲ್ಲ.

ನಾನು ಕೇಳುವ ರೀತಿ ಬದಲಾಗಿದೆ. ‘ಬೇರೆ ಏನಾದ್ರೂ ತಗೋತೀರಾ’ ಅಂದರೆ ಎಲ್ಲರೂ ಇಲ್ಲ ಅನ್ನುತ್ತಾರೆ, ಆ ಪ್ರಶ್ನೆಯಲ್ಲೇ ಇಲ್ಲ ಅನ್ನಿ ಅನ್ನೋ ಅವಸರ ಇದೆ. ಈಗ ಪಕ್ಕದ ರೂಮಿನಲ್ಲಿ ಕೂರಿಸಿ, "ಹಾರ್ಮೋನ್ ಯಾವುದು ನಡೀತಿದೆ? ಮಾತ್ರೆನಾ, ಇಂಜೆಕ್ಷನ್ನಾ?" ಅಂತ ಕೇಳುತ್ತೇನೆ. ತಗೊಳ್ಳೋದು ಮಾಮೂಲಿ ಅನ್ನೋ ಹಾಗೆ. ಒಬ್ಬೊಬ್ಬರೇ ಬ್ಯಾಗಿನಿಂದ ತೆಗೆದು ತೋರಿಸುತ್ತಿದ್ದಾರೆ. ಜಾಸ್ತಿ ಕಾಣೋದು ಮಾಲಾ-ಡಿ, ಗರ್ಭನಿರೋಧಕ ಮಾತ್ರೆ. ಅಗ್ಗ, ಎಲ್ಲಾ ಕಡೆ ಸಿಗುತ್ತೆ. ಅದರಲ್ಲಿರೋದು ಎಥಿನೈಲ್ ಎಸ್ಟ್ರಾಡಯಾಲ್, ದಿನಕ್ಕೆ ಮೂರು ನಾಲ್ಕು ನುಂಗಿದರೆ ರಕ್ತ ಹೆಪ್ಪುಗಟ್ಟುವ ಅಪಾಯ ಬಹಳ, ಸಿಗರೇಟು ಸೇದುವವರಿಗೆ ಇನ್ನೂ ಹೆಚ್ಚು. ಪ್ಯಾಕಿನ ಕೊನೆಯ ಏಳು ಮಾತ್ರೆ ಕಬ್ಬಿಣದ್ದು. ಖಾಲಿ ಹೊಟ್ಟೆಯಲ್ಲಿ ಟಿಎಲ್‌ಡಿ ಜೊತೆಗೇ ನುಂಗಿದರೆ ಡೊಲುಟೆಗ್ರಾವಿರ್ ಮೈಗೆ ಸರಿಯಾಗಿ ಹತ್ತುವುದಿಲ್ಲ. ಊಟದ ಜೊತೆ ತಗೊಳ್ಳಿ, ಇಲ್ಲ ಟಿಎಲ್‌ಡಿ ಎರಡು ಗಂಟೆ ಮೊದಲೇ ನುಂಗಿ ಅಂತ ಹೇಳಿ ಕಳಿಸುತ್ತೇನೆ. ಯಾರಿಗೂ ‘ನಿಲ್ಲಿಸು’ ಅನ್ನೋದಿಲ್ಲ. ಯಾವುದಕ್ಕೆ ಬದಲಿಸಬಹುದು, ಯಾರ ಹತ್ತಿರ ಹೋಗಬೇಕು ಅಂತ ಬರೆದುಕೊಡುತ್ತೇನೆ.

ಹೋದ ತಿಂಗಳು ಅವಳು ಡಬ್ಬಿ ತಗೊಳ್ಳುವಾಗ, ತನ್ನ ಗುರುವಿನ ಇನ್ನಿಬ್ಬರು ಚೇಲಾಗಳನ್ನು ಕರ್ಕೊಂಡು ಬರ್ತೀನಿ ಅಂದಳು. ಇಬ್ಬರೂ ಮಾಲಾ-ಡಿ. ಒಬ್ಬಳಿಗೆ ಎಡಗಾಲಿನ ಮೀನಖಂಡ ಊದಿಕೊಂಡು ನೋಯುತ್ತಿದೆಯಂತೆ, ಬಸ್ ಸ್ಟ್ಯಾಂಡಿನಲ್ಲಿ ಜಾಸ್ತಿ ನಿಂತಿದ್ದಕ್ಕೆ ಅಂತ ಅಂದುಕೊಂಡಿದ್ದಾಳಂತೆ. ನಾಳೆ ಬೇಡ, ಈಗಲೇ ಫೋನ್ ಮಾಡು ಅಂದೆ. ಮಾಡಿದಳು. ಆ ಕಡೆಯಿಂದ, ಆ ಆಸ್ಪತ್ರೆಯವರು ಬೈತಾರೆ ಬಿಡು ಅನ್ನೋದು ನನಗೂ ಕೇಳಿಸಿತು. ಫೋನ್ ನಾನೇ ತಗೊಂಡು ಮಾತಾಡಿದೆ. ಹೂಂ ಅಂದಳು.

ಗುರುವಾರ ಒಬ್ಬಳು ಬಂದಳು. ಕಾಲು ಊದಿದವಳಲ್ಲ, ಇನ್ನೊಬ್ಬಳು. ನಾಡಿದ್ದು ಶನಿವಾರ ಕೌನ್ಸೆಲರ್ ಜೊತೆ ನಾನೂ ಪಾವಗಡದ ಬಸ್ಸು ಹತ್ತುತ್ತಿದ್ದೇನೆ.