ಭಾಗವತರ ಕ್ಯಾಸೆಟ್ ಟ್ರಂಕು: ಶ್ರುತಿ ಸರಿಮಾಡುವ ಕೆಲಸ ಎಲ್ಲಿಗೆ ಬಂತು

ಯಕ್ಷಗಾನದ ಬಡಗುತಿಟ್ಟಿನ (ಉತ್ತರದ ಶೈಲಿಯ) ಹಿಮ್ಮೇಳದಲ್ಲಿ ನಮ್ಮ ಜೊತೆಗೆ ಕೂತು ಹಾಡುತ್ತಿದ್ದ ಭಾಗವತರು ತೀರಿಹೋದ ಮೇಲೆ ಮನೆಯವರು ನಮಗೆ ಒಪ್ಪಿಸಿದ್ದು ಒಂದು ತಗಡಿನ ಟ್ರಂಕು, ಅದರಲ್ಲಿ ಅವರ ದನಿಯ 64 ಕ್ಯಾಸೆಟ್, ಜೊತೆಗೆ ಆಧಾರ ಸ್ವರ ಹಿಡಿಯುವ ಅವರ ಶ್ರುತಿಪೆಟ್ಟಿಗೆ. ಕ್ಯಾಸೆಟ್ ಕಂಪ್ಯೂಟರಿಗೆ ಇಳಿಸುವುದು ಈಗ ಯಾರಿಗೂ ಹೊಸದಲ್ಲ. ಇಲ್ಲಿನ ಹಟ ಒಂದೇ: ಅವರು ಯಾವ ಶ್ರುತಿಯಲ್ಲಿ ಹಾಡಿದರೋ ಅದೇ ಶ್ರುತಿಯಲ್ಲಿ ಕೇಳಿಸಬೇಕು. ಊರಲ್ಲಿ ಓಡಾಡುತ್ತಿರುವ ಪ್ರತಿಗಳಲ್ಲಿ ಅವರ ದನಿ ಅರ್ಧ ಮನೆ, ಕೆಲವು ಕಡೆ ಪೂರ್ತಿ ಒಂದು ಮನೆ ಮೇಲಿದೆ (ಹಾರ್ಮೋನಿಯಮ್ಮಿನ ಒಂದು ಕೀಲಿಯಿಂದ ಪಕ್ಕದ ಕೀಲಿಗೆ ಒಂದು ಮನೆ). ಅದನ್ನು ಕೇಳಿ 'ಬಿಳಿ ಐದರಲ್ಲಿ ಹಾಡುತ್ತಿದ್ದರಂತೆ' ಎಂದು ಕಲಿಯುವ ಹುಡುಗರು ಗಂಟಲು ಹರಿದುಕೊಳ್ಳುತ್ತಿದ್ದಾರೆ. ಅವರದ್ದು ಕಪ್ಪು ಮೂರು, ಅಂದರೆ ಹಾರ್ಮೋನಿಯಮ್ಮಿನ ಮೂರನೇ ಕಪ್ಪು ಮನೆ; ಬಿಳಿ ಐದು ಅದಕ್ಕಿಂತ ಒಂದು ಮನೆ ಮೇಲೆ. ಕೆಲವು ಕ್ಯಾಸೆಟ್ಟಿನ ಚೀಟಿಯ ಮೇಲೆ ಅವರೇ ಪೆನ್ಸಿಲಿನಲ್ಲಿ 'ಕ 3' ಎಂದು ಬರೆದಿಟ್ಟಿದ್ದಾರೆ.

ಇದು ಇವರೊಬ್ಬರ ಪಾಡಲ್ಲ. 1990ರಲ್ಲಿ ಅಪಘಾತದಲ್ಲಿ ತೀರಿಕೊಂಡ ಹೆಸರಾಂತ ಭಾಗವತ ಗುಂಡ್ಮಿ ಕಾಳಿಂಗ ನಾವಡರ ಪದ್ಯಗಳನ್ನೂ ಇಂದಿನವರು ಕೇಳುವುದು ಬಹುಪಾಲು ಕ್ಯಾಸೆಟ್ಟಿನಿಂದ ಇಳಿಸಿದ ಪ್ರತಿಗಳಲ್ಲೇ. ಎರಡು ಬಾಗಿಲಿನ ಡೆಕ್ಕಿನಲ್ಲಿ ಪ್ರತಿ ತೆಗೆಯುವಾಗ ಓದುವ ಮೋಟಾರು, ಬರೆಯುವ ಮೋಟಾರು ಎರಡರ ವೇಗದ ತಪ್ಪೂ ಕೂಡಿಕೊಳ್ಳುತ್ತದೆ. ಪ್ರತಿಯ ಪ್ರತಿ ತೆಗೆದಂತೆ ಬೆಳೆಯುತ್ತ ಹೋಗುತ್ತದೆ. ಹಾಗಾಗಿ ಮೂಲ ಕ್ಯಾಸೆಟ್ ಸಿಕ್ಕಾಗಲೇ ಕೆಲಸ ಮಾಡಿಕೊಳ್ಳಬೇಕು.

ಮೊದಲ ಹಂತ: ಬೂಷ್ಟು, ಮೆತ್ತೆ, ಸುರುಳಿ

64ರಲ್ಲಿ 41 ಸಿ-90 (ಎರಡೂ ಬದಿ ಸೇರಿ 90 ನಿಮಿಷದ್ದು), 17 ಸಿ-60, ಉಳಿದ 6 ಸಿ-120. ಆಟ, ಅಂದರೆ ಯಕ್ಷಗಾನದ ಪ್ರದರ್ಶನ, ರಾತ್ರಿ ಒಂಬತ್ತೂವರೆಗೆ ಶುರುವಾಗಿ ಬೆಳಗಿನ ಆರಕ್ಕೆ ಮುಗಿದರೆ ಎಂಟೂವರೆ ತಾಸು. ಸಿ-90ಯಲ್ಲಿ ಒಂದು ಆಟಕ್ಕೆ ಆರು ಕ್ಯಾಸೆಟ್ ಬೇಕು. ಉಳಿತಾಯಕ್ಕೆಂದು ಸಿ-120 ಹಾಕಿದ ರಾತ್ರಿಗಳೇ ಈಗ ತಲೆನೋವು. ಸಿ-60 ಟೇಪು ಸುಮಾರು 18 ಮೈಕ್ರಾನ್ ದಪ್ಪ, ಸಿ-90 ಸುಮಾರು 12, ಸಿ-120 ಬರೀ 9. ಅಷ್ಟು ತೆಳುವಾದದ್ದು ಹಿಗ್ಗುತ್ತದೆ, ರಬ್ಬರ್ ರೋಲರಿಗೆ ಸುತ್ತಿಕೊಳ್ಳುತ್ತದೆ. ಇವನ್ನು ಫಾಸ್ಟ್ ಫಾರ್ವರ್ಡ್ ಮಾಡಲೇಬಾರದು. ಪ್ಲೇ ವೇಗದಲ್ಲೇ ಕೊನೆಯವರೆಗೆ ಓಡಿಸಿ ತಿರುಗಿಸಬೇಕು.

ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಅಂದರೆ ವರ್ಷದ ತಿರುಗಾಟ ಮುಗಿದ ಮೇಲೆ, ಎಲ್ಲರಿಗೂ ಪುರುಸೊತ್ತು. ಆದರೆ ಆಗ ಕರಾವಳಿಯಲ್ಲಿ ಮಳೆಗಾಲ, ಗಾಳಿಯ ತೇವ ಶೇಕಡಾ 85 ದಾಟಿರುತ್ತದೆ. ಬೂಷ್ಟು ಹಿಡಿದ ಕ್ಯಾಸೆಟ್ ಬಿಚ್ಚಲು ಅದಕ್ಕಿಂತ ಕೆಟ್ಟ ಕಾಲ ಬೇರೆ ಇಲ್ಲ. ಕ್ಯಾಸೆಟ್ಟಿನ ಕಿಟಕಿಯಲ್ಲಿ ಟೇಪಿನ ಅಂಚಿನ ಮೇಲೆ ಬಿಳಿ ಹಿಟ್ಟಿನಂತೆ ಕಂಡದ್ದೆಲ್ಲ ಬೂಷ್ಟು. ಅಂಥವನ್ನು ಬೇರೆ ಮಾಡಿ, ಮುಚ್ಚಳ ಗಟ್ಟಿಯಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟಾಗಿದೆ. ಒಳಗೊಂದು ತೇವಮಾಪಕ ಇರಲಿ. 40ರಿಂದ 50ರ ನಡುವೆ ನಿಂತ ಮೇಲೆ ಇನ್ನೂ ಕೆಲವು ವಾರ ಬಿಟ್ಟರೆ ಬೂಷ್ಟು ಒಣಗಿ ಪುಡಿಯಾಗುತ್ತದೆ. ಹಸಿ ಇದ್ದಾಗ ಒರೆಸಿದರೆ ಟೇಪಿಗೇ ಮೆತ್ತಿಕೊಳ್ಳುತ್ತದೆ. ಒಣಗಿದ ಮೇಲೆ ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ, ಮೆತ್ತನೆಯ ಬ್ರಷ್ಷಿನಿಂದ ಅಂಚು ಗುಡಿಸಿ, ಪೆನ್ಸಿಲ್ ತೂರಿಸಿ ಕೈಯಲ್ಲೇ ಒಂದು ಸುತ್ತು ತಿರುಗಿಸಿ ನೋಡಬೇಕು. ಪೆನ್ಸಿಲ್ ತಡೆದರೆ ಒತ್ತಾಯ ಬೇಡ, ಪದರಗಳು ಅಂಟಿವೆ ಎಂದರ್ಥ. ಬೂಷ್ಟಿನ ಕ್ಯಾಸೆಟ್ಟಿಗೆ ಒಂದು ಹಳೆಯ ಪ್ಲೇಯರನ್ನೇ ಮೀಸಲಿಡಿ. ಒಳ್ಳೆಯ ಡೆಕ್ಕಿಗೆ ಹಾಕಿದರೆ ಬೂಷ್ಟಿನ ಕಣ ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ.

ಇನ್ನೊಂದು ಕಾಟ ಮೆತ್ತೆಯದ್ದು. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಪುಟ್ಟ ಫೆಲ್ಟ್ ತುಂಡು ತಾಮ್ರದ ಪಟ್ಟಿಯ ಮೇಲೆ ಬರೀ ಅಂಟಿನಿಂದ ನಿಂತಿರುತ್ತದೆ. ಮೂವತ್ತು ವರ್ಷಕ್ಕೆ ಅಂಟು ಸತ್ತು ಮೆತ್ತೆ ಉದುರುತ್ತದೆ. ಆಗ ಶಬ್ದ ಮಂಕಾಗಿ ಬಂದು ಹೋಗಿ ಮಾಡುತ್ತದೆ. ಕೇಳಿದವರು ಟೇಪೇ ಹಾಳಾಯಿತು ಅಂದುಕೊಳ್ಳುತ್ತಾರೆ. ಟೇಪಿಗೆ ಏನೂ ಆಗಿರುವುದಿಲ್ಲ. ಐದು ಸ್ಕ್ರೂ ಇರುವ ಹೊಸ ಚಿಪ್ಪು ತೆಗೆದುಕೊಂಡು ಎರಡೂ ಸುರುಳಿಯನ್ನು ಜಾರುವ ಹಾಳೆಗಳ ಸಮೇತ ಅದಕ್ಕೆ ವರ್ಗಾಯಿಸಿದರೆ ಸಾಕು. ಸ್ಕ್ರೂ ಇಲ್ಲದ, ಅಂಟಿಸಿ ಮುಚ್ಚಿದ ಹಳೆಯ ಚಿಪ್ಪನ್ನು ಜೋಡಣೆಯ ಗೆರೆಯುದ್ದಕ್ಕೂ ತೆಳು ಬ್ಲೇಡಿನಿಂದ ಮೂಲೆಯಿಂದ ಮೂಲೆಗೆ ಬಿಡಿಸಬೇಕು. ನಡುವೆ ಬ್ಲೇಡು ತೂರಿಸಿದರೆ ಟೇಪು ಕತ್ತರಿಸಿ ಹೋಗುತ್ತದೆ. ತುಂಡಾದ ಟೇಪಿಗೆ ಸ್ಪ್ಲೈಸಿಂಗ್ ಟೇಪು ಮಾತ್ರ, ಅದೂ ಹಿಂಬದಿಗೆ. ಸೆಲ್ಲೋಟೇಪಿನ ಗೋಂದು ಬೇಸಿಗೆಯಲ್ಲಿ ಒಸರಿ ಪಕ್ಕದ ಸುತ್ತುಗಳಿಗೆ ಅಂಟುತ್ತದೆ. ಟ್ರಂಕಿನ ಎರಡು ಕ್ಯಾಸೆಟ್ಟಿನಲ್ಲಿ ಯಾರೋ ಹಾಗೆ ಮಾಡಿಟ್ಟಿದ್ದಾರೆ.

ಎರಡನೇ ಹಂತ: ಇಳಿಸುವುದು

ಹೆಡ್ಡು, ಕ್ಯಾಪ್‌ಸ್ಟನ್ (ಟೇಪನ್ನು ಎಳೆಯುವ ಲೋಹದ ಕಡ್ಡಿ) ಎರಡನ್ನೂ ಪ್ರತಿ ಕ್ಯಾಸೆಟ್ಟಿಗೆ ಮೊದಲು 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಬೇಕು. ರಬ್ಬರ್ ರೋಲರಿಗೆ ಸೋಪಿನ ನೀರು ಸಾಕು. ಡಾಲ್ಬಿ (ಟೇಪಿನ ಸುಯ್ ಸದ್ದು ತಗ್ಗಿಸುವ ವ್ಯವಸ್ಥೆ) ಆಫ್. ಭಾಗವತರ ರೆಕಾರ್ಡರು ನಾಲ್ಕು ದಪ್ಪ ಸೆಲ್ಲಿನ, ಒಂದೇ ಮೈಕಿನ ಮೊನೊ ಯಂತ್ರ, ಅದರಲ್ಲಿ ಡಾಲ್ಬಿ ಇರಲೇ ಇಲ್ಲ.

ಮೊನೊ ಧ್ವನಿಯನ್ನು ಸ್ಟೀರಿಯೊ ಡೆಕ್ಕಿನಲ್ಲಿ ಓದಿದರೆ ಎಡ, ಬಲ ಎರಡರಲ್ಲೂ ಅದೇ ಬರುತ್ತದೆ. ಎರಡನ್ನೂ ಕೂಡಿಸಿ ಮೊನೊ ಮಾಡುವ ಮೊದಲು ಅಜಿಮತ್, ಅಂದರೆ ಟೇಪಿಗೆ ಹೆಡ್ಡು ನಿಂತ ಕೋನ, ಸರಿ ಇರಬೇಕು. ಹೆಡ್ಡು ಕೂದಲೆಳೆಯಷ್ಟು ವಾಲಿದ್ದರೂ ಎರಡು ಚಾನೆಲ್ಲಿನ ನಡುವೆ ಕ್ಷಣದ ಅಂತರ ಬಿದ್ದು, ಕೂಡಿಸಿದಾಗ ಮೇಲಿನ ಸ್ವರಾಂಶಗಳು ಒಂದನ್ನೊಂದು ಹೊಡೆದುಹಾಕುತ್ತವೆ. ಹೆಡ್ಡಿನ ಪಕ್ಕದ ಸ್ಕ್ರೂವನ್ನು ಕಾಲು ಸುತ್ತಿಗಿಂತ ಕಡಿಮೆ ಅತ್ತಿತ್ತ ತಿರುಗಿಸುತ್ತ, ಭಾಗವತರ ತಾಳದ ಕಿಣಿಕಿಣಿ ಎಲ್ಲಿ ಅತಿ ಚೂಪಾಗಿ ಕೇಳಿಸುತ್ತದೋ ಅಲ್ಲಿ ನಿಲ್ಲಿಸಬೇಕು. ಕಂಚಿನ ತಾಳದಂಥ ಪರೀಕ್ಷಾ ಶಬ್ದ ಪ್ರತಿ ಪದ್ಯದಲ್ಲೂ ಸಿಗುವುದು ಯಕ್ಷಗಾನದ ಟೇಪಿನ ಅನುಕೂಲ. ಸರಿಯಾದ ಮೇಲೂ ಕೆಲವು ಬದಿಗಳಲ್ಲಿ ಅಂಚಿನ ಚಾನೆಲ್ ಸವೆದಿರುತ್ತದೆ. ಅಲ್ಲಿ ಕೂಡಿಸುವ ಗೊಡವೆ ಬಿಟ್ಟು ಒಳ್ಳೆಯ ಚಾನೆಲ್ ಒಂದನ್ನೇ ಇಟ್ಟುಕೊಳ್ಳುವುದು ಲೇಸು.

ಕಂಪ್ಯೂಟರಿಗೆ ಇಳಿಸುವುದು 24 ಬಿಟ್, 96 ಕಿಲೋಹರ್ಟ್ಸಿನಲ್ಲಿ, ಎರಡೂ ಚಾನೆಲ್. ನಿಮಿಷಕ್ಕೆ ಸುಮಾರು 34.5 ಎಂಬಿ, ಒಂದು ಸಿ-90 ಮೂರು ಜಿಬಿ ಚಿಲ್ಲರೆ. ರೆಕಾರ್ಡಿಂಗಿನ ಮಟ್ಟವನ್ನು ಪದ್ಯ ಕೇಳಿ ಇಡಬೇಡಿ. ಚೆಂಡೆಯ ಮೊದಲ ಉರುಳಿಕೆಗೆ ಇಡಿ, ಶಿಖರ ಮೈನಸ್ 6 ಡೆಸಿಬಲ್ ದಾಟದಂತೆ. ಯುದ್ಧದ ಏರು ಪದ ಬಂದಾಗ ಚೆಂಡೆ ಅಲ್ಲಿಯವರೆಗಿನ ಎಲ್ಲವನ್ನೂ ಮೀರುತ್ತದೆ, ಒಮ್ಮೆ ತಲೆ ಕತ್ತರಿಸಿ ಹೋದ ಅಲೆ ವಾಪಸ್ ಬರುವುದಿಲ್ಲ.

ಸರಿಮಾಡಲಾಗದ್ದೂ ಇದೆ. ಆ ರೆಕಾರ್ಡರಿನೊಳಗೆ ಮಟ್ಟವನ್ನು ತಾನೇ ಹೊಂದಿಸುವ ಸರ್ಕ್ಯೂಟ್ ಇತ್ತು. ಚೆಂಡೆ ಬಿದ್ದೊಡನೆ ಅದು ಎಲ್ಲವನ್ನೂ ಕೆಳಕ್ಕೆ ಒತ್ತುತ್ತದೆ; ಭಾಗವತರ ದನಿ ಮುಳುಗಿ, ಪೆಟ್ಟು ನಿಂತು ಒಂದೆರಡು ಸೆಕೆಂಡಿನಲ್ಲಿ ಮೇಲೇಳುತ್ತದೆ. ಅದನ್ನು ಕೈಯಿಂದ ಎತ್ತಿದರೆ ಸಭೆಯ ಗದ್ದಲವೂ ಜೊತೆಗೆ ಏಳುತ್ತದೆ. ಹಾಗೆಯೇ ತೆಳು ಟೇಪಿನಲ್ಲಿ ಜೋರು ಶಬ್ದ ಪಕ್ಕದ ಸುತ್ತಿಗೆ ಅಚ್ಚೊತ್ತಿರುತ್ತದೆ: ಪದ್ಯ ಎತ್ತುವ ಮೊದಲೇ ಅದರ ನೆರಳು ಕೇಳಿಸುತ್ತದೆ. ಎರಡನ್ನೂ ಇದ್ದ ಹಾಗೇ ಬಿಟ್ಟಿದೆ. ಮೂಲ ಫೈಲಿಗೆ ನಾಯ್ಸ್ ರಿಡಕ್ಷನ್ ಹಾಕುವ ಆಸೆಯನ್ನು ಎಲ್ಲರೂ ತಡೆದುಕೊಳ್ಳಬೇಕು. ಅದು ಗುಂಯ್ ಎನ್ನುವ ಶ್ರುತಿಯನ್ನೇ ಗದ್ದಲವೆಂದು ತಿಂದುಹಾಕುತ್ತದೆ, ಮುಂದಿನ ಹಂತಕ್ಕೆ ಬೇಕಾದದ್ದೇ ಆ ಶ್ರುತಿ.

ಮೂರನೇ ಹಂತ: ವೇಗ, ಅಂದರೆ ಶ್ರುತಿ

ಕ್ಯಾಸೆಟ್ಟಿನ ವೇಗ ಸೆಕೆಂಡಿಗೆ 4.76 ಸೆಂಟಿಮೀಟರ್. ಮೊದಲು ನಮ್ಮ ಡೆಕ್ಕೇ ಸರಿಯಿರಬೇಕು. 3150 ಹರ್ಟ್ಸಿನ ಪರೀಕ್ಷಾ ಕ್ಯಾಸೆಟ್ ಹಾಕಿ, ಮೋಟಾರಿನ ಪುಟ್ಟ ತಿರುಪು ತಿರುಗಿಸಿ ಹೊಂದಿಸಿದ್ದಾಯಿತು. ಶೇಕಡಾ ಒಂದು ತಪ್ಪಿದರೆ 17 ಸೆಂಟ್ (ಒಂದು ಮನೆಗೆ ನೂರು ಸೆಂಟ್), ಶೇಕಡಾ ಆರು ತಪ್ಪಿದರೆ ಹತ್ತಿರ ಹತ್ತಿರ ಪೂರ್ತಿ ಒಂದು ಮನೆ.

ರೆಕಾರ್ಡ್ ಆಗುವಾಗಿನ ತಪ್ಪು ಬೇರೆ ಬಗೆಯದ್ದು. ಸೆಲ್ ಇಳಿದಾಗ ಮೋಟಾರು ನಿಧಾನ ಓಡುತ್ತದೆ. ನಿಧಾನ ಬರೆದದ್ದನ್ನು ಸರಿಯಾದ ವೇಗದಲ್ಲಿ ಓದಿದರೆ ದನಿ ಮೇಲೇರುತ್ತದೆ. ಅದಕ್ಕೇ ಬೆಳಗಿನ ಜಾವದ ಕ್ಯಾಸೆಟ್ಟುಗಳೇ ಹೆಚ್ಚು ಕೀಚಲು. ಮೋಟಾರಿನಲ್ಲಿ ವೇಗ ಹಿಡಿದಿಡುವ ಗವರ್ನರ್ ಇರುವುದರಿಂದ ಇಳಿಕೆ ನೇರ ಗೆರೆಯಲ್ಲ: ಬಹಳ ಹೊತ್ತು ಸಮವಾಗಿದ್ದು, ವೋಲ್ಟೇಜು ಒಂದು ಮಿತಿ ದಾಟಿದ ಮೇಲೆ ಸರ್ರನೆ ಜಾರುತ್ತದೆ.

ಅಳೆಯುವುದು ಯಾವುದಕ್ಕೆ ಹೋಲಿಸಿ? ವಿದ್ಯುತ್ತಿನ 50 ಹರ್ಟ್ಸ್ ಗುಂಯ್‌ಗುಟ್ಟುವಿಕೆಯನ್ನು ಹಿಡಿಯಿರಿ ಎಂದು ಹೊರಗಿನ ಕೈಪಿಡಿಗಳು ಹೇಳುತ್ತವೆ. ನಮ್ಮಲ್ಲಿ ಅದು ನಡೆಯದು. 2003ಕ್ಕೆ ಮುಂಚೆ ದಕ್ಷಿಣದ ವಿದ್ಯುತ್ ಜಾಲದ ಆವರ್ತನ ಬೇಡಿಕೆ ಹೆಚ್ಚಿದಾಗ 48ರ ಆಸುಪಾಸಿಗೆ ಕುಸಿಯುತ್ತಿತ್ತು. ಡೇರೆ ಹಾಕಿ ಆಡುವ ಮೇಳದ ಜನರೇಟರಂತೂ ದೀಪದ ಹೊರೆ ಬದಲಾದಂತೆ ಅಲ್ಲಾಡುತ್ತದೆ. ಚೆಂಡೆಯನ್ನೂ ನಂಬುವಂತಿಲ್ಲ. ಷಡ್ಜಕ್ಕೆ ಏರಿಸಿಟ್ಟರೂ ಇಬ್ಬನಿ ಬಿದ್ದ ಹಾಗೆ ಚರ್ಮ ಸಡಿಲುತ್ತದೆ. ಒಂದು ಚೀಟಿಯಲ್ಲಿ ಭಾಗವತರೇ 'ಚೆಂಡೆ ಇಳಿದಿತ್ತು' ಎಂದು ಬರೆದಿದ್ದಾರೆ. ಉಳಿದದ್ದು ಶ್ರುತಿಪೆಟ್ಟಿಗೆ. ಲೋಹದ ರೀಡು ರಾತ್ರಿಯ ಚಳಿಗೆ ಹೆಚ್ಚೇನೂ ಅಲುಗುವುದಿಲ್ಲ, ಮತ್ತು ಅವರ ಪೆಟ್ಟಿಗೆ ಕೈಯಲ್ಲೇ ಇದೆ.

ಅದರ ಕಪ್ಪು ಮೂರು 373 ಹರ್ಟ್ಸ್ ತೋರಿಸುತ್ತದೆ. ಪುಸ್ತಕದ ಲೆಕ್ಕದಲ್ಲಿ 370 ಇರಬೇಕು. ಇದು 14 ಸೆಂಟ್ ಮೇಲೆ. ಸರಿಪಡಿಸಿದ ಕಡತಗಳೆಲ್ಲ 373ಕ್ಕೇ ಹೊಂದಬೇಕು, 370ಕ್ಕಲ್ಲ. ಅಳೆಯುವಾಗ ತಿದಿಯನ್ನು ಅವರು ಒತ್ತುತ್ತಿದ್ದಷ್ಟೇ ಮೆಲ್ಲಗೆ ಒತ್ತಬೇಕು. ಗಾಳಿ ಜೋರಾದರೆ ರೀಡಿನ ಸ್ವರ ತುಸು ಇಳಿಯುತ್ತದೆ.

ಟೇಪಿನಲ್ಲಿ ಅಳೆಯಲು ಪದ್ಯ ಮುಗಿದು ಅರ್ಥ (ವೇಷಧಾರಿಯ ಮಾತು) ಶುರುವಾಗುವ ನಡುವಿನ ಸಂದು ನೋಡಬೇಕು: ಚೆಂಡೆ ಮದ್ದಳೆ ನಿಂತು ಶ್ರುತಿಯೊಂದೇ ಉಳಿದಿರುವ ಮೂರು ನಾಲ್ಕು ಸೆಕೆಂಡು. ಆಡಾಸಿಟಿ ಎಂಬ ಧ್ವನಿ ತಂತ್ರಾಂಶದಲ್ಲಿ 48 ಕಿಲೋಹರ್ಟ್ಸಿನ ಪ್ರತಿ ತೆರೆದು, ಪ್ಲಾಟ್ ಸ್ಪೆಕ್ಟ್ರಮ್‌ನಲ್ಲಿ ಗಾತ್ರ 65536 ಇಟ್ಟರೆ ಒಂದೊಂದು ಮೆಟ್ಟಿಲು 0.73 ಹರ್ಟ್ಸ್. 373ರ ಬದಲು ಅದರ ನಾಲ್ಕು ಪಟ್ಟಿನ ಸ್ವರಾಂಶ, 1492ರ ಬಳಿಯದ್ದನ್ನು ಓದಿ ನಾಲ್ಕರಿಂದ ಭಾಗಿಸಿ. ಓದುವ ತಪ್ಪು ಕಾಲುಭಾಗಕ್ಕೆ ಇಳಿಯುತ್ತದೆ. ಸಮವಾಗಿರುವ ಭಾಗದಲ್ಲಿ ಹತ್ತು ನಿಮಿಷಕ್ಕೊಂದು ಬಿಂದು ಸಾಕು, ಜಾರುವ ಭಾಗದಲ್ಲಿ ಎರಡು ನಿಮಿಷಕ್ಕೊಂದು ಬೇಕು.

ಒಂದು ಬದಿಯ ಲೆಕ್ಕ ಹೀಗಿದೆ. ಮೊದಲ 30 ನಿಮಿಷ 373. ಆಮೇಲೆ ಏರುತ್ತ ಹೋಗಿ 45ನೇ ನಿಮಿಷಕ್ಕೆ 389. ಅಂದರೆ 73 ಸೆಂಟ್, ಮುಕ್ಕಾಲು ಮನೆ. ಆಡಾಸಿಟಿಯಲ್ಲಿ ವೇಗ ಬದಲಿಸುವ ಟೈಮ್ ಟ್ರ್ಯಾಕಿನಲ್ಲಿ 30ನೇ ನಿಮಿಷದವರೆಗೆ 100, ಕೊನೆಗೆ 95.9, ನಡುವಿನ ಬಿಂದುಗಳು ಅಳತೆ ಹೇಳಿದಂತೆ. ಬದಿ ಸುಮಾರು 20 ಸೆಕೆಂಡು ಉದ್ದವಾಗುತ್ತದೆ; ಆಗಲೇಬೇಕು. 'ಚೇಂಜ್ ಪಿಚ್' ಒತ್ತಿದರೆ ಶ್ರುತಿ ಮಾತ್ರ ಇಳಿದು ಕಾಲ (ಹಾಡಿನ ಓಟ) ಅವಸರದ್ದೇ ಉಳಿಯುತ್ತದೆ. ಅವರ ಕಾಲ ಪ್ರಮಾಣ ನಿಧಾನದ್ದು, ಮುಕ್ತಾಯಕ್ಕೆ ಮೊದಲು ಅಕ್ಷರವನ್ನು ಎಳೆದು ನಿಲ್ಲಿಸಿ ಮದ್ದಳೆಗೆ ಜಾಗ ಬಿಡುವ ಹಾಡುಗಾರಿಕೆ. ವೇಗದ ಪ್ರತಿಯಲ್ಲಿ ಆ ಜಾಗವೇ ಮುಚ್ಚಿಹೋಗಿ ಅವರು ಯಾರೋ ಬೇರೆ ಭಾಗವತರಂತೆ ಕೇಳುತ್ತಾರೆ.

ಮೋಸ ಹೋಗುವ ಜಾಗ ಇನ್ನೊಂದು. ಶ್ರುತಿ ಒಮ್ಮೆಲೇ ಹಾರಿದರೆ ಅದು ಸೆಲ್ಲಿನ ತಪ್ಪೇ ಆಗಬೇಕಿಲ್ಲ. ಪೂರ್ವರಂಗ (ಆಟದ ಮೊದಲ ಭಾಗ) ಮುಗಿಸಿ ಸಂಗೀತಗಾರ (ಆ ಭಾಗ ಹಾಡುವ ಕಿರಿಯ ಹಾಡುಗಾರ) ಎದ್ದು ಭಾಗವತರು ಕೂತಾಗ ಶ್ರುತಿ ಬದಲಾಗುತ್ತದೆ, ಮದ್ದಳೆಯೂ ಬದಲಾಗುತ್ತದೆ. ಹಾರಿಕೆಯ ಎರಡೂ ಕಡೆ ಬೇರೆ ದನಿ ಇದ್ದರೆ ಮುಟ್ಟಬೇಡಿ. ಅದೇ ದನಿ, ನಡುವೆ ಟಕ್ ಎಂಬ ಗುಂಡಿಯ ಶಬ್ದ ಇದ್ದರೆ ಸೆಲ್ ಬದಲಿಸಿದ್ದಾರೆ. ಮೆಲ್ಲನೆ ಜಾರಿದ್ದು ಮಾತ್ರ ಖಂಡಿತ ಮೋಟಾರಿನದ್ದು.

ಹೆಸರು ಹಚ್ಚುವುದು

ಚೀಟಿ ಅರ್ಧದಷ್ಟು ನಂಬಬಹುದು. ಒಂದೇ ರಾತ್ರಿ ಎರಡು ಮೂರು ಪ್ರಸಂಗ ಆಡುವುದರಿಂದ, 'ಗದಾಯುದ್ಧ' ಎಂದು ಬರೆದ ಡಬ್ಬಿಯಲ್ಲಿ ಕರ್ಣಪರ್ವದ ಪದ್ಯ ಇರುತ್ತದೆ. ಪದ್ಯದ ಮೊದಲ ಸಾಲನ್ನು ಅಚ್ಚಾದ ಪ್ರಸಂಗ ಪುಸ್ತಕದ ಜೊತೆ ತಾಳೆ ನೋಡಿ, ರಾಗ, ತಾಳ, ಆರಂಭದ ನಿಮಿಷ ಸೇರಿಸಿ ಪಟ್ಟಿ ಮಾಡಲಾಗುತ್ತಿದೆ. ಪುಸ್ತಕದ ರಾಗವನ್ನೇ ಬರೆಯಬೇಡಿ, ಹಾಡಿದ್ದನ್ನು ಬರೆಯಿರಿ. ಎರಡೂ ಬೇರೆಯಾದಲ್ಲಿ ಎರಡನ್ನೂ. ಊರು ಗೊತ್ತಾಗುವುದು ಮೈಕಿನಲ್ಲಿ ಆಟ ಆಡಿಸುವ ಸೇವಾದಾರರ ಹೆಸರು ಕೂಗುವಾಗ. ಹಾಗಾಗಿ ಪದ್ಯಗಳನ್ನಷ್ಟೇ ಕತ್ತರಿಸಿ ಇಡುವುದು ತಪ್ಪು. ಪದ್ಯದ ನಡುವೆ ಅವರು ಮದ್ದಳೆಯವರಿಗೆ ಮೆಲ್ಲಗೆ ತಾಳದ ಹೆಸರು ಹೇಳುವುದು, ವೇಷ ತಡವಾದಾಗ ಆಲಾಪ ಬೆಳೆಸುವುದು ಎಲ್ಲ ಆ ಸಂದುಗಳಲ್ಲೇ ಇದೆ. ಮೂರು ಸಿ-60ಗಳ ಎರಡನೇ ಬದಿಯಲ್ಲಿ ಆಟವೇ ಇಲ್ಲ, ಯಾರಿಗೋ ಬಾಯಿತಾಳ (ತಾಳದ ಪೆಟ್ಟುಗಳನ್ನು ಬಾಯಲ್ಲಿ ಹೇಳುವುದು) ಹೇಳಿಕೊಡುತ್ತಿದ್ದಾರೆ. ಕಲಿಯುವವರಿಗೆ ಇಡೀ ಟ್ರಂಕಿನಲ್ಲಿ ಹೆಚ್ಚು ಬೆಲೆಯದ್ದು ಅದೇ ಇರಬಹುದು.

ಈಗಿನ ಸ್ಥಿತಿ: 47 ಕ್ಯಾಸೆಟ್ ಇಳಿದಿವೆ, ಅದರಲ್ಲಿ 31ರ ಶ್ರುತಿ ಸರಿಯಾಗಿದೆ. ಉಳಿದ 17ರಲ್ಲಿ 11 ಒಣಗುತ್ತಿವೆ, 4ಕ್ಕೆ ಹೊಸ ಚಿಪ್ಪು ಬೇಕು, 2 ಆ ಸೆಲ್ಲೋಟೇಪಿನವು. ಮುಟ್ಟದ ಮೂಲ ಫೈಲ್, ಸರಿಪಡಿಸಿದ ಫೈಲ್, ಅಳತೆಯ ಬಿಂದುಗಳ ಪಟ್ಟಿ ಮೂರೂ ಒಟ್ಟಿಗೆ ಇರುತ್ತವೆ; ಮುಂದೆ ಯಾರಿಗಾದರೂ 373 ತಪ್ಪು ಅನಿಸಿದರೆ ಮೂಲದಿಂದ ಮತ್ತೆ ಮಾಡಬಹುದು. ಮೂರು ಪ್ರತಿ, ಒಂದು ಬೇರೆ ಊರಿನಲ್ಲಿ. ಅರ್ಥಧಾರಿಗಳ ಮಾತೂ ಇರುವುದರಿಂದ ಬದುಕಿರುವವರ ಒಪ್ಪಿಗೆ ಸಿಗುವವರೆಗೆ ಯಾವುದನ್ನೂ ಹೊರಗೆ ಬಿಡುತ್ತಿಲ್ಲ.

ಅವರ ಆಟ ರೆಕಾರ್ಡ್ ಮಾಡಿಕೊಂಡವರು ಇನ್ನೂ ಇದ್ದಾರೆ. ವಾಟ್ಸಾಪಿನಲ್ಲಿ ಹಾಡು ಕಳಿಸಬೇಡಿ, ಅದು ಕುಗ್ಗಿಸಿದ ಪ್ರತಿಯ ಪ್ರತಿ. ಕ್ಯಾಸೆಟ್ಟನ್ನೇ ಕೊಡಿ, ರೆಕಾರ್ಡರು ಸೆಲ್ಲಿನದೋ ಕರೆಂಟಿನದೋ ಎಂದು ಚೀಟಿ ಹಾಕಿ, ಮತ್ತು ಕೊಡುವ ಮೊದಲು 'ಒಮ್ಮೆ ಹಾಕಿ ನೋಡೋಣ' ಎಂದು ಮನೆಯ ಹಳೆಯ ಪ್ಲೇಯರಿಗೆ ತೂರಿಸಬೇಡಿ.