ಹುಣಸೆಹಣ್ಣು ಕಂಡ ರೂಪಾಯಿ

ದಾವಣಗೆರೆಯ ಹಳೇಪೇಟೆ ಮನೆಗಳಲ್ಲಿ ಬೆಳ್ಳಿ ರೂಪಾಯಿಗೆ ಬರವಿಲ್ಲ. ಲಕ್ಷ್ಮೀಪೂಜೆಗೆ ವರ್ಷಕ್ಕೊಮ್ಮೆ ಪೆಟ್ಟಿಗೆಯಿಂದ ಹೊರಬಂದು, ಹುಣಸೆಹಣ್ಣಲ್ಲಿ ತಿಕ್ಕಿಸಿಕೊಂಡು, ಅರಿಸಿನ ಕುಂಕುಮ ಹಚ್ಚಿಸಿಕೊಂಡು ಮತ್ತೆ ಒಳಗೆ ಹೋಗುತ್ತವೆ. ದೀಪಾವಳಿ ಕಳೆದ ಮೇಲಿನ ಭಾನುವಾರ ಚೌಕಿಪೇಟೆಯ ಅಂಥದೊಂದು ಮನೆಯ ಗಂಟು ಬಿಚ್ಚಿ ವಿಂಗಡಿಸುವ ಕೆಲಸವಿತ್ತು. ಯಾವುದನ್ನು ಗ್ರೇಡಿಂಗ್‌ಗೆ, ಅಂದರೆ ಪರಿಣತರು ಸ್ಥಿತಿ ನೋಡಿ ಅಂಕೆ ಕೊಡುವುದಕ್ಕೆ, ಕಳಿಸಬಹುದು ಎಂಬುದು ಮನೆಯವರ ಪ್ರಶ್ನೆ. ಅವರು ಮುಂದೆ ಸರಿಸಿದ್ದು ಫಳಫಳ ಹೊಳೆಯುವ ರಾಶಿಯನ್ನು. ಕಪ್ಪಾಗಿವೆ ಎಂದು ಬಿಸ್ಕೆಟ್ ಡಬ್ಬಿಯಲ್ಲಿ ಬದಿಗಿಟ್ಟಿದ್ದವು ಕೆಲವು. ಕಳಿಸಲು ಲಾಯಕ್ಕಾದವು ಇದ್ದದ್ದು ಆ ಡಬ್ಬಿಯಲ್ಲೇ.

ನೋಡುವ ಮೊದಲು ಟ್ಯೂಬ್‌ಲೈಟ್ ಆರಿಸಬೇಕು. ಹರಡಿದ ಬೆಳಕಲ್ಲಿ ತಿಕ್ಕಿದ್ದೂ ತಿಕ್ಕದ್ದೂ ಒಂದೇ ಥರ ಕಾಣುತ್ತವೆ. ಒಂದೇ ಒಂದು ಟೇಬಲ್ ಲ್ಯಾಂಪು, ಕೆಳಗೆ ದಪ್ಪ ಮೆತ್ತನೆ ಬಟ್ಟೆ, ಐದು ಪಟ್ಟು ಹಿಗ್ಗಿಸುವ ಭೂತಗನ್ನಡಿ ಸಾಕು. ಅನುಮಾನ ಬಂದಾಗಷ್ಟೇ ಹತ್ತು ಪಟ್ಟಿನದು. ನಾಣ್ಯದ ಅಂಚನ್ನಷ್ಟೇ ಹಿಡಿದು, ದೀಪಕ್ಕೆ ಓರೆ ಮಾಡಿ, ನಿಧಾನವಾಗಿ ಪೂರ್ತಿ ಒಂದು ಸುತ್ತು ತಿರುಗಿಸಬೇಕು. ಅಚ್ಚು ಬಿದ್ದ ಕ್ಷಣದಲ್ಲಿ ಲೋಹ ನಡುವಿನಿಂದ ಅಂಚಿನತ್ತ ಹರಿದು, ಮೇಲ್ಮೈಯಲ್ಲಿ ಅತಿ ಸಣ್ಣ ಗೆರೆಗಳನ್ನು ಬಿಟ್ಟಿರುತ್ತದೆ. ಅವು ಉಳಿದಿದ್ದರೆ ಬೆಳಕಿನ ಪಟ್ಟಿಗಳು ಬಂಡಿಗಾಲಿಯ ಅರದಂತೆ ನಾಣ್ಯದ ಮೇಲೆ ಸುತ್ತುತ್ತವೆ. ಟಂಕಸಾಲೆಯ ಹೊಳಪು ಎಂದರೆ ಇದು. ತಿಕ್ಕಿದ ನಾಣ್ಯದಲ್ಲಿ ಏನೂ ಸುತ್ತುವುದಿಲ್ಲ. ಇಡೀ ಮುಖ ಒಮ್ಮೆಲೇ ಮಿಂಚಿ ಒಮ್ಮೆಲೇ ಆರುತ್ತದೆ, ಒಂದು ಕೋನದಲ್ಲಿ ಕೂದಲೆಳೆಯಂಥ ಗೀರುಗಳು ಸಾಲುಸಾಲಾಗಿ ಎದ್ದು ಕಾಣುತ್ತವೆ.

“ನಾವೇನ್ ಉಸುಕು ಹಾಕಿ ತಿಕ್ಕಿಲ್ಲಪ್ಪ, ಬರೇ ಹುಣಸೇಹಣ್ಣು, ಚೂರು ವಿಭೂತಿ” ಎಂದರು ಮನೆಯ ಅಜ್ಜಿ. ಕೇಡು ಮಾಡುವುದು ಹುಳಿಗಿಂತ ಹೆಚ್ಚಾಗಿ ಉಜ್ಜುವ ಕೈ. ಹುಣಸೆ ನಾರು, ವಿಭೂತಿಯ ಪುಡಿ, ಬೆರಳಿನ ಒತ್ತಡ ಸೇರಿದರೆ ಆ ಗೆರೆಗಳು ಸವೆಯುತ್ತವೆ. ರೂಪಾಯಿ 11.66 ಗ್ರಾಂ ತೂಗುತ್ತದೆ, ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ, ಅಂದರೆ ಮೃದು. ಪೂಜೆಗೆ ಶುದ್ಧಿ ಬೇಕು, ಅಜ್ಜಿಯದು ತಪ್ಪಲ್ಲ. ಆದರೆ ಗ್ರೇಡರ್ ಅದಕ್ಕೆ ಅಂಕೆ ಕೊಡುವುದಿಲ್ಲ. ಶೆಲ್ಡನ್ ಮಾಪನದಲ್ಲಿ 1ರಿಂದ 70ರವರೆಗೆ ಅಂಕೆಗಳಿವೆ, 60ರಿಂದ ಮೇಲಿನವು ಚಲಾವಣೆ ಕಾಣದ ನಾಣ್ಯಕ್ಕೆ. ಗಡುಸಾಗಿ ತೊಳೆದದ್ದು ಈ ಏಣಿಯಿಂದಲೇ ಹೊರಗೆ. ಅದಕ್ಕೆ ಸಿಗುವುದು ‘ಡೀಟೇಲ್ಸ್’ ಎಂಬ ಚೀಟಿ. ಗ್ರೇಡಿಂಗ್ ಮಾಡುವ ಅಮೆರಿಕದ ಪಿಸಿಜಿಎಸ್ ಸಂಸ್ಥೆಯ ಸಂಕೇತದಲ್ಲಿ 92 ಎಂದರೆ ತೊಳೆದದ್ದು, 91 ಎಂದರೆ ಬಣ್ಣ ನಂಬುವಂತಿಲ್ಲ.

ಹೊಳೆಯುವ ರಾಶಿಯ ಕತೆ ಅಲ್ಲಿಗೆ ಮುಗಿಯಿತು. ಅದರಲ್ಲಿದ್ದ 1862ರ ವಿಕ್ಟೋರಿಯಾ ರೂಪಾಯಿ ಒಂದು ಕಾಲಕ್ಕೆ ಪದಕವಾಗಿತ್ತು: ರಾಣಿಯ ತಲೆಯ ನೇರಕ್ಕೆ ಅಂಚಿನಲ್ಲಿ ಅರ ಉಜ್ಜಿದ ಗುರುತು, ಪಕ್ಕದಲ್ಲಿ ಬೆಸುಗೆಯ ಮಂಕು.

ಇನ್ನು ಡಬ್ಬಿ. ಗಾಳಿಯಲ್ಲಿನ ಗಂಧಕದ ಅಂಶ ಬೆಳ್ಳಿಯೊಡನೆ ಸೇರಿ ಬೆಳ್ಳಿಯ ಸಲ್ಫೈಡ್ ಪೊರೆ ಕಟ್ಟುತ್ತದೆ. ಪೊರೆ ಕೆಲವು ಹತ್ತು ನ್ಯಾನೋಮೀಟರ್ ದಪ್ಪವಿರುವಾಗ ಅದರ ಮೇಲೂ ಕೆಳಗೂ ಪ್ರತಿಫಲಿಸಿದ ಬೆಳಕು ಒಂದಕ್ಕೊಂದು ಬೆರೆತು ಬಣ್ಣ ಹುಟ್ಟುತ್ತದೆ, ನೀರಿನ ಮೇಲಿನ ಸೀಮೆಎಣ್ಣೆಯಲ್ಲಿ ಆಗುವುದೂ ಇದೇ. ದಪ್ಪ ಏರಿದಂತೆ ತಿಳಿ ಹಳದಿ, ಹೊಂಬಣ್ಣ, ಕೆಂಗಂದು, ನೇರಳೆ, ಕಡುನೀಲಿ, ಆಮೇಲೆ ತಿಳಿನೀಲಿ, ಮತ್ತೊಂದು ಸುತ್ತು ಹಳದಿ, ಗುಲಾಬಿ, ಹಸಿರು, ಕೊನೆಗೆ ಕಪ್ಪು. ಈ ಕ್ರಮ ಗೊತ್ತಿದ್ದರೆ ಅರ್ಧ ಮೋಸ ಅಲ್ಲೇ ಸಿಕ್ಕಿಬೀಳುತ್ತದೆ. ನಿಜವಾದ ಬಣ್ಣ ಮೆಟ್ಟಿಲು ಹಾರುವುದಿಲ್ಲ. ಬೆಳ್ಳಿಬಿಳುಪಿನ ಪಕ್ಕದಲ್ಲೇ ಹಳದಿಯ ಗೆರೆಯೂ ಇಲ್ಲದೆ ಕಡುನೀಲಿ ಕೂತಿದ್ದರೆ ಗ್ಯಾಸ್ ಒಲೆಯೋ ಗಂಧಕದ ದ್ರಾವಣವೋ ಕೆಲಸ ಮಾಡಿದೆ ಎಂದು ಶಂಕಿಸಬೇಕು.

ಡಬ್ಬಿಯಲ್ಲಿ ಹಳೇ ಕಾಗದದ ಸುರುಳಿಯಲ್ಲಿ ಉಳಿದಿದ್ದ 1918ರ ಐದನೇ ಜಾರ್ಜ್ ರೂಪಾಯಿಗಳಿದ್ದವು. ಹಿಂಬದಿಯ ಕೆಳಗಿನ ಹೂವಿನಡಿ ಸಣ್ಣ ಚುಕ್ಕೆ ಇದ್ದುದರಿಂದ ಬೊಂಬಾಯಿ ಟಂಕಸಾಲೆಯವು. ವಿರಳವೇನಲ್ಲ, ಲಕ್ಷಗಟ್ಟಲೆ ಸಿಗುತ್ತವೆ. ಇಲ್ಲಿ ಲೆಕ್ಕ ಪೂರ್ತಿ ಸ್ಥಿತಿಯದು. ಸುರುಳಿಯ ತುದಿಯಲ್ಲಿದ್ದ ನಾಣ್ಯದ ಒಂದು ಮುಖವಷ್ಟೇ ಬಣ್ಣ ಏರಿತ್ತು, ಇನ್ನೊಂದು ಬಿಳಿಯಾಗಿತ್ತು. ಅಂಚಿನಲ್ಲಿ ನೀಲಿ, ಒಳಗೆ ಬರುತ್ತ ಕೆಂಗಂದು, ನಡುವೆ ತಿಳಿಹೊನ್ನು. ಅಕ್ಷರಗಳ ಬುಡದಲ್ಲಿ ಬಣ್ಣ ಹಿಂದೆ ಸರಿದಂತೆ ತೆಳುವಾಗಿತ್ತು, ಇದನ್ನು ನಕಲು ಮಾಡುವುದು ಕಷ್ಟ. ಎಲ್ಲಕ್ಕಿಂತ ಮುಖ್ಯ, ಓರೆ ಮಾಡಿದಾಗ ಬೆಳಕಿನ ಪಟ್ಟಿ ಬಣ್ಣದ ಅಡಿಯಿಂದ ತಡೆಯಿಲ್ಲದೆ ಹಾದುಹೋಯಿತು. ದೊರೆಯ ಕೆನ್ನೆ, ಕಿವಿ, ಕಿರೀಟದಲ್ಲೂ ಅದು ಮುರಿಯಲಿಲ್ಲ. ಅಲ್ಲಿ ಬೂದು ಮಚ್ಚೆ ಕಂಡಿದ್ದರೆ ಸವೆತವೆಂದರ್ಥ, ನಾಣ್ಯ 58ಕ್ಕೋ ಅದಕ್ಕಿಂತ ಕೆಳಗೋ ಇಳಿಯುತ್ತಿತ್ತು.

ಗ್ರೇಡರ್ ತೂಗುವುದು ಅಚ್ಚಿನ ಸ್ಫುಟತೆ, ಮೇಲ್ಮೈಯ ಏಟುಗಾಯ, ಹೊಳಪು, ಕೊನೆಗೆ ಒಟ್ಟು ಅಂದ. ಅಂದಕ್ಕೆ ಅಳತೆಗೋಲಿಲ್ಲ, ಜಗಳವೆಲ್ಲ ಅದರದ್ದೇ. 63ಕ್ಕೂ 64ಕ್ಕೂ ನಡುವೆ ತೂಗುವ ನಾಣ್ಯವನ್ನು ಒಳ್ಳೆಯ ಬಣ್ಣ ಮೇಲಕ್ಕೆ ತಳ್ಳಬಹುದು. 65 ದಾಟಲು ಏಟು ಕಡಿಮೆಯಿದ್ದರೆ ಸಾಲದು, ಚೆಲುವೂ ಬೇಕು. ಕೆನ್ನೆಯ ಮೇಲಿನ ಗಾಯವನ್ನಂತೂ ಯಾವ ಬಣ್ಣವೂ ಮನ್ನಿಸದು. ಗ್ರೇಡಿಂಗ್ ಮಾಡುವ ಇನ್ನೊಂದು ಅಮೆರಿಕನ್ ಸಂಸ್ಥೆ ಎನ್‌ಜಿಸಿ ಅಸಾಧಾರಣ ಚೆಲುವಿಗೆ ಅಂಕೆಯ ಪಕ್ಕ ಒಂದು ನಕ್ಷತ್ರ ಹಾಕುತ್ತದೆ. ಒಂದೇ ಅಂಕೆಯ ಎರಡು ನಾಣ್ಯಗಳ ಬೆಲೆ ಬೇರೆಯಾಗುವುದೂ ಇದರಿಂದಲೇ. ಉಲ್ಟಾನೂ ನಿಜ: ಮಚ್ಚೆಮಚ್ಚೆಯಾಗಿ, ಹೊಳಪು ಹಾಯದಷ್ಟು ಕಪ್ಪೇರಿದ್ದಕ್ಕೆ ಅಂಕೆ ಇಳಿಯುತ್ತದೆ. ಡಬ್ಬಿಯ ಒಂದು 1907ರ ಎಡ್ವರ್ಡ್ ರೂಪಾಯಿಯ ಗತಿ ಅದು. ರಬ್ಬರ್ ಬ್ಯಾಂಡಿನ ಗಂಧಕ ಅದರ ಮುಖಕ್ಕೆ ಅಡ್ಡಲಾಗಿ ಕರೀ ಬರೆ ಎಳೆದಿತ್ತು. ಇನ್ನೊಂದು ಒಳ್ಳೆಯ ನೇರಳೆಯಲ್ಲಿತ್ತು, ಆದರೆ ಅಡಿಯಲ್ಲಿ ಹೊಳಪು ಸತ್ತು ಗೀರುಗಳ ಒಳಗೂ ಅದೇ ನೇರಳೆ: ಎಂದೋ ತಿಕ್ಕಿಸಿಕೊಂಡು ಆಮೇಲೆ ಬಣ್ಣ ಏರಿದ್ದು. ಕೊಳ್ಳುವವರು ಹೆಚ್ಚು ಎಡವುವುದು ಇಂಥದ್ದರಲ್ಲೇ.

“ಡಿಪ್ ಮಾಡಿಸಿದ್ರೆ ಬೆಳ್ಳಗಾಗಲ್ವಾ?” ಎಂದ ಮೊಮ್ಮಗ. ಆಗುತ್ತದೆ. ಥಯೋಯೂರಿಯಾ ಮತ್ತು ಆಮ್ಲದ ಆ ದ್ರಾವಣ ಪೊರೆಯ ಜೊತೆ ಕೊಂಚ ಬೆಳ್ಳಿಯನ್ನೂ ಒಯ್ಯುತ್ತದೆ. ಎರಡು ಮೂರು ಸಲ ಅದ್ದಿದರೆ ಗೆರೆಗಳೇ ಕರಗಿ ಸುಣ್ಣ ಬಳಿದಂಥ ಬಿಳುಪು ಉಳಿಯುತ್ತದೆ. ಅರಿಸಿನದ ಕಲೆ, ಎಣ್ಣೆ, ಪಿವಿಸಿ ಕವರಿನ ಹಸಿರು ಜಿಡ್ಡು ಇದ್ದರೆ ಶುದ್ಧ ಅಸಿಟೋನ್ ಸಾಕು, ಅದು ಬಣ್ಣದ ಪೊರೆಯನ್ನು ಮುಟ್ಟುವುದಿಲ್ಲ. ಉಗುರಿನ ಬಣ್ಣ ತೆಗೆಯುವ ಸೀಸೆ ಬೇಡ, ಅದರಲ್ಲಿ ಎಣ್ಣೆ ಸುಗಂಧ ಸೇರಿರುತ್ತವೆ. ಗಾಜಿನ ಬಟ್ಟಲಲ್ಲಿ ಐದು ನಿಮಿಷ ಬಿಟ್ಟು, ಹೊಸ ಅಸಿಟೋನ್ ಇರುವ ಎರಡನೇ ಬಟ್ಟಲಿಗೆ ಅದ್ದಿ ತೆಗೆದು, ಒರೆಸದೆ ಗಾಳಿಗೆ ಆರಬಿಡಬೇಕು. ಎರಡನೆಯದನ್ನು ಬಿಟ್ಟರೆ ಕರಗಿದ ಜಿಡ್ಡೇ ಮತ್ತೆ ಪೊರೆಯಾಗಿ ಕೂರುತ್ತದೆ. ಒಲೆ, ದೇವರ ದೀಪ ಹತ್ತಿರ ಇರಬಾರದು, ಭಗ್ಗನೆ ಹೊತ್ತಿಕೊಳ್ಳುತ್ತದೆ.

ಚಿತ್ರದುರ್ಗದ ಬಳಿಯ ಚಂದ್ರವಳ್ಳಿ ಕಡೆಯ ಪ್ರಾಚೀನ ಸೀಸದ ನಾಣ್ಯಕ್ಕೂ ಇದೇ ಲೆಕ್ಕವೇ ಎಂಬ ಮಾತೂ ಬಂತು. ಅಲ್ಲ. ಪ್ರಾಚೀನ ನಾಣ್ಯಗಳಿಗೆ ಎನ್‌ಜಿಸಿ ಅಚ್ಚಿಗೆ ಐದರಲ್ಲಿ, ಮೇಲ್ಮೈಗೆ ಐದರಲ್ಲಿ ಬೇರೆ ಅಂಕ ಕೊಡುತ್ತದೆ, 70ರ ಅಂಕೆ ಅಲ್ಲಿಲ್ಲ. ಸೀಸಕ್ಕೆ ಮರದ ಪೆಟ್ಟಿಗೆಯ ಆಮ್ಲದ ಆವಿಯೇ ಶತ್ರು, ಬಿಳಿ ಪುಡಿಯಾಗಿ ಉದುರುತ್ತದೆ. ನೆಲದಲ್ಲಿ ಸಿಕ್ಕ ನಿಧಿಯನ್ನಂತೂ 1878ರ ನಿಧಿ ಕಾಯ್ದೆಯಂತೆ ಸರ್ಕಾರಕ್ಕೆ ತಿಳಿಸಲೇಬೇಕು.

ಕೊನೆಗೆ ಬೇರೆ ಇಟ್ಟದ್ದು ಸುರುಳಿಯ 1918ರವನ್ನಷ್ಟೇ. ಅವುಗಳಿಗೂ ಒಂದು ಅಡ್ಡಿಯಿದೆ. ನೂರು ವರ್ಷ ದಾಟಿದ ನಾಣ್ಯ 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯಡಿ ಪುರಾವಸ್ತು, ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ; ಗ್ರೇಡಿಂಗ್ ಆದರೂ ದೇಶದೊಳಗೇ ಆಗಬೇಕು. ಅಲ್ಲಿಯವರೆಗೆ ಪಿವಿಸಿ ಇಲ್ಲದ ಮೈಲಾರ್ ಫ್ಲಿಪ್ ಎಂಬ ಪಾರದರ್ಶಕ ಕವರಿನಲ್ಲಿ ಒಂದೊಂದನ್ನೇ ಹಾಕಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣವಿಟ್ಟು, ಅಡುಗೆಮನೆಗೆ ದೂರದ ಬೀರುವಿನಲ್ಲಿಡಲು ಹೇಳಿದೆವು. ಪೂಜೆಗೆ ಹೊಳೆಯುವ ರಾಶಿ ಧಾರಾಳವಾಗಿ ಸಾಕು.