ಕೆಂಪಾದ ಸಿ ಡ್ರೈವ್, ಅಜ್ಜಿಯ ಪದಗಳು

11 ಜನವರಿ 2026, ಭಾನುವಾರ

ಕಂಪ್ಯೂಟರಿನ ಸಿ ಡ್ರೈವ್‌ನ ಪಟ್ಟಿ ಮತ್ತೆ ಕೆಂಪಾಗಿದೆ. ಅಪ್ಪನ ಪಿಂಚಣಿ ಕಾಗದ ಸ್ಕ್ಯಾನ್ ಮಾಡಿದರೆ ಸೇವ್ ಆಗಲ್ಲ, ಜಾಗ ಇಲ್ಲ ಅನ್ನುತ್ತದೆ. ಇರುವುದು 256 ಜಿಬಿ ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆಯಿಲ್ಲದ ಚಿಪ್ಪಿನ ಡಿಸ್ಕು. ವಿಂಡೋಸ್ ಅದನ್ನು 238 ಅಂತ ತೋರಿಸುತ್ತದೆ. ಒಂದು ಕೆಬಿಗೆ ಮಾರುವವರದ್ದು ಸಾವಿರ ಬೈಟಿನ ಲೆಕ್ಕ, ವಿಂಡೋಸಿನದ್ದು 1024ರ ಲೆಕ್ಕ. ಗೊತ್ತಿದ್ದೂ ಬೇಜಾರಾಗುತ್ತದೆ.

ತಮ್ಮನಿಗೆ ಫೋನ್ ಮಾಡಿದೆ. "ಫೋಟೋ, ಆಡಿಯೋ ಎಲ್ಲಾ ಎಕ್ಸ್‌ಟರ್ನಲ್ ಡಿಸ್ಕ್‌ಗೆ ಹಾಕಿ ಅಲ್ಲಿಂದ ಡಿಲೀಟ್ ಮಾಡ್ಬಿಡಕ್ಕ" ಅಂದ.

ಅಮ್ಮ ಪಕ್ಕದಲ್ಲೇ ಕೂತು ನೆನೆಸಿದ ಅವರೆಕಾಳು ಹಿತಕುತ್ತಿದ್ದಳು. ಒಂದು ಬೇಳೆ ಪುಳಕ್ಕಂತ ಹಾರಿ ಕೀಬೋರ್ಡಿನ ಸಂದಿಗೆ ಬಿತ್ತು.

"ಏನನ್ನ ಅಳಿಸ್ತಿದೀಯಾ?"

"ಅಜ್ಜಿ ಹಾಡಿದ ಪದಗಳ ರೆಕಾರ್ಡಿಂಗ್‌ನ ಆ ಡಿಸ್ಕ್‌ಗೆ ಹಾಕಿ ಇಲ್ಲಿಂದ ತೆಗೀತೀನಿ ಅಮ್ಮ."

"ಆ ಡಿಸ್ಕು ಕೆಟ್ಟರೆ?"

ನಾನು ಸುಮ್ಮನಾದೆ.

"ಬಿತ್ತನೆ ರಾಗೀನ ನಿಮ್ಮಜ್ಜಿ ಯಾವತ್ತೂ ಒಂದೇ ಮಡಕೇಲಿ ಇಟ್ಟೋಳಲ್ಲ" ಅಂದು ಮತ್ತೆ ಬೋಗುಣಿಗೆ ಕೈ ಹಾಕಿದಳು.

ಅಮ್ಮ ಹೇಳಿದ್ದು ಸರಿ. ಇಲ್ಲಿಂದ ತೆಗೆದು ಅಲ್ಲಿಟ್ಟರೆ ಅದು ಬ್ಯಾಕಪ್ ಅಲ್ಲ, ಬರೀ ಸ್ಥಳಾಂತರ. ಆ ಡಿಸ್ಕಿನ ಒಳಗೆ ತಟ್ಟೆ ತಿರುಗುತ್ತಿರುತ್ತದೆ. ಮೇಜಿನಿಂದ ಒಂದು ಸಲ ಬಿದ್ದರೆ ಸಾಕು, ಅಜ್ಜಿ ಎಲ್ಲೂ ಇರುವುದಿಲ್ಲ.

ಹಾಗಾಗಿ ಮೊದಲು ನಿಜವಾಗಿ ಜಾಗ ತಿಂದವರು ಯಾರು ಅಂತ ನೋಡಿದೆ. ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್. ವಿಂಡೋಸ್ 10ಕ್ಕೆ ಅಕ್ಟೋಬರ್ 14ಕ್ಕೇ ಬೆಂಬಲ ನಿಂತಿತ್ತು, ಕಳೆದ ವಾರ 11ಕ್ಕೆ ಏರಿಸಿದ್ದೆ. ಹಳೆಯದು ವಿಂಡೋಸ್.ಓಲ್ಡ್ ಅನ್ನೋ ಫೋಲ್ಡರಿನಲ್ಲಿ ಹಾಗೇ ಕೂತಿದೆ, 20 ಜಿಬಿಗೂ ಜಾಸ್ತಿ! ಹತ್ತು ದಿನ ಆದಮೇಲೆ ತಾನೇ ಹೋಗುತ್ತದೆ. ಅಲ್ಲಿತನಕ ಹಿಂದಿನ ವಿಂಡೋಸ್‌ಗೆ ಮರಳಬಹುದು ಅಂತ ಉಳಿಸಿರುತ್ತಾರೆ. ಪ್ರಿಂಟರ್, ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶ ಎಲ್ಲ ಚೆನ್ನಾಗಿ ನಡೀತಿವೆ, ನನಗೆ ಹಿಂದೆ ಹೋಗುವುದು ಬೇಡ. ಟೆಂಪರರಿ ಫೈಲ್ಸ್ ಪಟ್ಟಿಯಲ್ಲಿ ಅದಕ್ಕೆ ಟಿಕ್ ಹಾಕಿ ತೆಗೆದೆ. ಅದೇ ಪಟ್ಟಿಯಲ್ಲಿ ಡೌನ್‌ಲೋಡ್ಸ್ ಕೂಡ ಇರುತ್ತದೆ, ಅದಕ್ಕೆ ಮಾತ್ರ ನೋಡದೆ ಟಿಕ್ ಹಾಕಬೇಡಿ. ನಮ್ಮ ಮನೆಯ ಕರೆಂಟ್ ಬಿಲ್‌ನಿಂದ ಹಿಡಿದು ಅಪ್ಪನ ಪಿಂಚಣಿ ಆದೇಶದವರೆಗೆ ಎಲ್ಲ ಅಲ್ಲೇ ಇದೆ.

ಆಮೇಲೆ ಹೈಬರ್‌ನೇಟ್ ಫೈಲು, ಅಂದರೆ ತೆರೆದಿದ್ದ ಕೆಲಸವನ್ನೆಲ್ಲ ಡಿಸ್ಕಿಗೆ ಬರೆದಿಟ್ಟು ಕಂಪ್ಯೂಟರನ್ನು ಆರಿಸಲು ಕಾದಿರಿಸಿದ ಜಾಗ. ಅದೊಂದೇ 6 ಜಿಬಿ. ಈ ಕಂಪ್ಯೂಟರನ್ನು ನಾವು ಯಾವತ್ತೂ ಹೈಬರ್‌ನೇಟ್ ಮಾಡಲ್ಲ. ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಆಫ್ ಮಾಡಿದೆ. ಕಂಪ್ಯೂಟರ್ ಬೇಗ ಆನ್ ಆಗಲು ಇರುವ ಫಾಸ್ಟ್ ಸ್ಟಾರ್ಟಪ್ ಕೂಡ ಅದರ ಜೊತೆಗೇ ಹೋಗುತ್ತದೆ, ಎಸ್‌ಎಸ್‌ಡಿ ಇರುವಾಗ ಅದೇನು ದೊಡ್ಡ ನಷ್ಟವಲ್ಲ. ಸಿ ಡ್ರೈವ್‌ನ ಪಟ್ಟಿ ನೀಲಿಯಾಯಿತು. ಒಂದು ಫೋಟೋನೂ ಮುಟ್ಟಲಿಲ್ಲ. ಜಾಗ ಇಲ್ಲ ಅಂದ ತಕ್ಷಣ ಎಲ್ಲರೂ ಮೊದಲು ಫೋಟೋಗಳಿಗೇ ಯಾಕೆ ಕೈ ಹಾಕುತ್ತೇವೋ.

ಅಜ್ಜಿಯ ಪದಗಳೆಲ್ಲ ದನಿಯನ್ನು ಕುಗ್ಗಿಸದೆ ಇಟ್ಟ ವೇವ್ ಫೈಲುಗಳು, ನಿಮಿಷಕ್ಕೆ ಸುಮಾರು 10 ಎಂಬಿ. ಎಂಪಿ3 ಮಾಡಿದರೆ ಚಿಕ್ಕದಾಗುತ್ತದೆ, ಆದರೆ ದನಿಯಲ್ಲಿ ಒಂದಷ್ಟು ಕತ್ತರಿಸಿ ಹೋಗುತ್ತದೆ. ನನಗೆ ಬೀಸುವ ಕಲ್ಲಿನ ಗರಗರವೂ ಬೇಕು. ಫ್ಲ್ಯಾಕ್ ಮಾಡಿದೆ. ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು, ದನಿ ಒಂಚೂರೂ ಹೋಗಲ್ಲ. ಒಂದು ಪ್ರತಿ ಇಲ್ಲಿ, ಒಂದು ಡಿಸ್ಕಿನಲ್ಲಿ, ಇನ್ನೊಂದು ತಮ್ಮನ ಮನೆಯಲ್ಲಿ.

ಸರಿಯಾಗಿದೆಯಾ ಅಂತ ಒಂದನ್ನು ಹಾಕಿದೆ. ನಡುವೆ ಅಜ್ಜಿ ಹಾಡು ನಿಲ್ಲಿಸಿ "ಕರು ಬಿಚ್ಕೊಂಡದೆ ನೋಡ್ರೋ" ಅಂತ ಗದರುತ್ತಾಳೆ. ಅಮ್ಮ ನಕ್ಕಳು. ಆಮೇಲೆ ತಲೆ ಎತ್ತಿ, "ಕರು ಗಲಾಟೇಲಿ ಒಂದು ನುಡಿ ಬಿಟ್ಟವ್ಳೆ, ಅದು ನಂಗೆ ಬರ್ತದೆ" ಅಂದಳು.

ನಂಗೆ ಇದುವರೆಗೂ ಗೊತ್ತೇ ಇರಲಿಲ್ಲ! ಈಗಲೇ ಹೇಳು ಅಂದರೆ ಸಂಕ್ರಾಂತಿ ಕಳೀಲಿ ಅಂತಾಳೆ. ಮೈಕು ತಮ್ಮನ ಹತ್ರ ಇದೆ, ಅವನು ಬುಧವಾರ ಬಂದರೆ ಅವತ್ತೇ, ಇಲ್ಲಾಂದ್ರೆ ಫೋನಿನಲ್ಲಾದರೂ ರೆಕಾರ್ಡ್ ಮಾಡಬೇಕು.